ಹಾಸನದ ಆಲೂಗೆಡ್ಡೆ ಮಂಜಿ ಹತ್ತಿದ್ದು

ಹಾಸನದಲ್ಲಿ ನನ್ನದು ಆಲೂಗೆಡ್ಡೆ ಮಂಡಿ. ಕೆಲವು ವರ್ಷಗಳಿಂದ ಮಂಗಳೂರಿನ ಹಳೆ ಬಂದರಿನ ಮೂಲಕ ಲಕ್ಷದ್ವೀಪಕ್ಕೂ ಮಾಲು ಕಳಿಸುತ್ತಿದ್ದೇನೆ. ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಎಲ್ಲ ಈ ಬಂದರಿನಿಂದ ಮಂಜಿಗಳಲ್ಲೇ, ಅಂದರೆ ಸರಕು ಸಾಗಿಸುವ ಮರದ ಸಣ್ಣ ಹಡಗುಗಳಲ್ಲೇ, ಹೋಗುತ್ತದೆ. ಲಕ್ಷದ್ವೀಪದ ಅಮಿನಿ, ಕದ್ಮತ್, ಕಿಲ್ತಾನ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು. ಹಾಗಾಗಿ ಈ ವ್ಯಾಪಾರ ಹೊಸದೇನಲ್ಲ, ನನಗೆ ಹೊಸದಾಗಿತ್ತು ಅಷ್ಟೆ.

ಕಾಲವೂ ಕೂಡಿ ಬರುತ್ತದೆ. ಮಳೆಗಾಲದಲ್ಲಿ ಮಂಜಿಗಳು ಕಡಲಿಗೆ ಇಳಿಯುವಂತಿಲ್ಲ, ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಮತ್ತೆ ಹೊರಡುತ್ತವೆ. ಮೇ, ಜೂನ್‌ನಲ್ಲಿ ಬಿತ್ತಿದ ನಮ್ಮ ಗೆಡ್ಡೆ ಕೀಳುವುದೂ ಅದೇ ಆಸುಪಾಸಿಗೆ.

ಮೊದಲ ಸಲ 200 ಚೀಲ ಒಯ್ದೆ, ಒಂದೊಂದು 50 ಕೆಜಿ. ಹಸಿ ಹೊಲದಿಂದ ಕಿತ್ತ ಮೂರನೇ ದಿನಕ್ಕೇ ಲಾರಿಗೆ ಹಾಕಿಸಿದ್ದೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಅರ್ಧ ದಿನ ನಿಂತೆವು. ಚಾರ್ಮಾಡಿ ಘಾಟಿಯಲ್ಲಿ ಭಾರಿ ಲಾರಿ ಬಿಡುತ್ತಿರಲಿಲ್ಲ, ಕಾಯದೆ ವಿಧಿ ಇರಲಿಲ್ಲ. ಬಂದರಿನ ಧಕ್ಕೆ (ಸರಕು ಹತ್ತಿಸುವ ಕಟ್ಟೆ) ಮುಟ್ಟುವಷ್ಟರಲ್ಲಿ ಉಬ್ಬರ ಇಳಿದಿತ್ತು, ಮಂಜಿ ಹೊರಡುವಂತಿರಲಿಲ್ಲ. ಚೀಲಗಳನ್ನು ಬಯಲಲ್ಲೇ ಇಳಿಸಿ ನಾನೇ ತಂದಿದ್ದ ಟಾರ್ಪಾಲು ಹೊದಿಸಿದೆ. ರಾತ್ರಿ ಮಳೆ ಬಂತು, ಬೆಳಗ್ಗೆ ಬಿಸಿಲು ಬಂತು. ಹಮಾಲಿಗಳ ಮೇಸ್ತ್ರಿ ಒಂದು ಚೀಲದ ಮೇಲೆ ಅಂಗೈ ಇಟ್ಟು ಹೇಳಿದರು: “ಅಣ್ಣ, ನಿಮ್ಮ ಚೀಲ ಬೆವರ್ತಾ ಉಂಟು. ಇದನ್ನು ಅಡಿಯಲ್ಲಿ ಇಟ್ರೆ ಮೇಲಿದ್ದದ್ದೂ ಹಾಳಾಗ್ತದೆ.” ನಾನೂ ಕೈ ಇಟ್ಟೆ, ಗೋಣಿ ಬೆಚ್ಚಗಿತ್ತು. ಬಿಚ್ಚಿಸಿ ಆರಿಸಿದಾಗ ಕಾಲು ಭಾಗ ಎಸೆಯಬೇಕಾಯಿತು.

ಮಂಗಳೂರಿನಿಂದ ಲಕ್ಷದ್ವೀಪದ ರಾಜಧಾನಿ ಕವರತ್ತಿಗೆ ಸುಮಾರು 350 ಕಿ.ಮೀ. ಆ ನೀರಿನ ದಾರಿಯಲ್ಲಿ ಗೆಡ್ಡೆ ಕೆಟ್ಟಿದ್ದು ನಾನು ಕಂಡಿಲ್ಲ. ಕೆಡುವುದೆಲ್ಲ ದಡದಲ್ಲಿ, ಕಾಯುವಾಗ.

ಆಮೇಲೆ ಕೆಲಸದ ರೀತಿಯನ್ನೇ ಬದಲಿಸಿದೆ. ಕಿತ್ತ ಗೆಡ್ಡೆಯನ್ನು ನೆರಳಲ್ಲಿ, ಗಾಳಿಯಾಡುವ ಕಡೆ ಹತ್ತು ದಿನ ಹರಡುತ್ತೇನೆ. ಹೆಬ್ಬೆರಳಿಂದ ಒತ್ತಿ ಉಜ್ಜಿದರೆ ಸಿಪ್ಪೆ ಜಾರಬಾರದು. ಜಾರಿದರೆ ಅದು ಸ್ಥಳೀಯ ಮಾರುಕಟ್ಟೆಗೇ ಸರಿ, ಮಂಜಿಗಲ್ಲ. ದಟ್ಟ ಗೋಣಿ ಬಿಟ್ಟು ಜಾಳು ಚೀಲಕ್ಕೆ ತುಂಬಿಸುತ್ತೇನೆ. ಮಂಜಿ ನಡೆಸುವ ತಂಡೇಲರಿಗೆ ಮೊದಲೇ ಹೇಳಿಕೊಂಡು ಎಂಜಿನ್ನಿಂದ ದೂರ, ಸಿಮೆಂಟು ಮೂಟೆಗಳಿಂದ ಬೇರೆಯಾಗಿ, ಕೆಳಗೆ ಹಲಗೆ ಹಾಕಿಸಿ ಜೋಡಿಸುತ್ತೇವೆ.

ಇನ್ನು ನೀರಿನ ಲೆಕ್ಕ. ನೇತ್ರಾವತಿ, ಗುರುಪುರ ಎರಡೂ ಹೊಳೆ ಸೇರಿ ಕಡಲು ಮುಟ್ಟುವ ಅಳಿವೆ ಬಾಗಿಲಿನಲ್ಲಿ ಮರಳು ಕೂರುತ್ತಲೇ ಇರುತ್ತದೆ. ತುಂಬಿದ ಮಂಜಿ ಉಬ್ಬರ ನೋಡಿಕೊಂಡೇ ದಾಟಬೇಕು. ಉಬ್ಬರ ದಿನಕ್ಕೆರಡು ಸಲ, ಪ್ರತಿದಿನ ಸುಮಾರು 50 ನಿಮಿಷ ತಡ. ಹಾಸನದಲ್ಲಿ ಲಾರಿಗೆ ಹೇಳುವ ಮುನ್ನ ಬಂದರಿಗೆ ಫೋನ್ ಮಾಡಿ ಎರಡೇ ಮಾತು ಕೇಳುತ್ತೇನೆ: ಉಬ್ಬರ ಎಷ್ಟು ಗಂಟೆಗೆ, ಮಂಜಿಗೆ ಇನ್ನೆಷ್ಟು ಲೋಡು ಬಾಕಿ.

ಮಂಗಳೂರಿನದೇ ಪಣಂಬೂರಿನಲ್ಲಿ 1974ರಲ್ಲೇ ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿದ ದೊಡ್ಡ ಬಂದರಿದೆಯಲ್ಲ, ಅಲ್ಲಿಂದ ಯಾಕೆ ಕಳಿಸಬಾರದು ಎಂದು ಕೇಳುವವರಿದ್ದಾರೆ. ಹೆಚ್ಚಿನ ದ್ವೀಪಗಳ ಸುತ್ತ ಹವಳದ ದಿಬ್ಬ, ಒಳಗೆ ತೆಳುನೀರು. ದೊಡ್ಡ ಹಡಗು ಹೆಚ್ಚಾಗಿ ಹೊರಗೇ ನಿಲ್ಲಬೇಕು, ಮಂಜಿಯಾದರೆ ಒಳಗೆ ಹೋಗಿ ಜೆಟ್ಟಿಗೆ ತಾಗುತ್ತದೆ. ಹತ್ತು ಟನ್ ಮಾಲಿನವನಿಗೆ ಬೇಕಿರುವುದು ಸಣ್ಣ ಧಕ್ಕೆಯೇ. ಅಲ್ಲಿ ಲಾರಿ ನೇರ ನುಗ್ಗುವಂಥ, ಪಕ್ಕ ತೆರೆದ ಎತ್ತರದ ಸೂರು ಬೇಕು. ಮಳೆಗಾಲ ಮುಗಿದ ಕೂಡಲೇ, ಮೊದಲ ಮಂಜಿ ಹೊರಡುವ ಮುನ್ನ ಅಳಿವೆಯ ಹೂಳು ತೆಗೆದಿರಬೇಕು. ಈ ಎರಡನ್ನು ಸಿಕ್ಕವರೆದುರೆಲ್ಲ ಕೇಳುತ್ತಲೇ ಇದ್ದೇನೆ, ಹಾಸನದ ರೈತರ ಸಭೆಗಳಲ್ಲೂ.