ಚಿಕಾಗೋ ನಗರವನ್ನು ನಾನು ಬುಡದಿಂದ ನೋಡಿದ ಬಗೆ

ಚಿಕಾಗೋಗೆ ಹೋದವರೆಲ್ಲ ಕತ್ತೆತ್ತಿ ನೋಡುತ್ತಾರೆ. ನಾನು ಹೆಚ್ಚು ಹೊತ್ತು ಬಗ್ಗಿ ನೋಡಿದೆ. ಮನೆ ಕಟ್ಟಿಸಿಕೊಡುವುದು ನನ್ನ ಕಸುಬು. ಯಾವ ಕಟ್ಟಡದ ಮುಂದೆ ನಿಂತರೂ ಕಣ್ಣು ಮೊದಲು ಪಾಯದ ಕಡೆ ಹೋಗುತ್ತದೆ: ಇಷ್ಟು ಭಾರ ಎಲ್ಲಿಂದ ಇಳಿಯುತ್ತಿದೆ, ಯಾವುದರ ಮೇಲೆ ಕೂತಿದೆ? ಆ ಊರಿನ ವಾಸ್ತುಶಿಲ್ಪದ ಬಗ್ಗೆ ನನಗೆ ಓದಿನ ಜ್ಞಾನ ಕಡಿಮೆ. ಆದರೆ ಈ ಒಂದು ಪ್ರಶ್ನೆ ಹಿಡಿದುಕೊಂಡು ಹೋದದ್ದರಿಂದ ಊರು ತಾನಾಗಿ ಬಿಚ್ಚಿಕೊಂಡಿತು. ತಂಗಿಯನ್ನೋ ಮಗಳನ್ನೋ ನೋಡಲು ಆ ಕಡೆ ಹೋಗುವವರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ತಂಗಿ ಇರುವುದು ನೇಪರ್‌ವಿಲ್‌ನಲ್ಲಿ. ಚಿಕಾಗೋದ ಪಶ್ಚಿಮಕ್ಕಿರುವ ಉಪನಗರ, ನಮ್ಮವರು ಬೇಕಾದಷ್ಟು ಜನ ಇದ್ದಾರೆ. ವೀಸಾ ವಿಷಯ ಎಲ್ಲರಿಗೂ ಗೊತ್ತಿರುವುದೇ, ಒಂದೇ ಮಾತು ಹೇಳುತ್ತೇನೆ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಹತ್ತು ವರ್ಷದ್ದಾಗಿದ್ದರೂ, ಒಂದು ಸಲಕ್ಕೆ ಎಷ್ಟು ದಿನ ಇರಬಹುದು ಎನ್ನುವುದನ್ನು ತೀರ್ಮಾನಿಸುವುದು ವಿಮಾನ ನಿಲ್ದಾಣದ ಅಧಿಕಾರಿ. ಆ ತಾರೀಖು ಐ-94 ಎನ್ನುವ ದಾಖಲೆಯಲ್ಲಿರುತ್ತದೆ. ಇಳಿದ ಮೇಲೆ ಅದನ್ನು ಆನ್‌ಲೈನಿನಲ್ಲಿ ತೆಗೆದು ನೋಡಿಕೊಳ್ಳಿ. ತಂಗಿ ವಿಳಾಸ, ವಾಪಸ್ ಟಿಕೆಟ್, ದಿನವೂ ನುಂಗುವ ಮಾತ್ರೆಗಳ ಚೀಟಿ, ಆರೋಗ್ಯ ವಿಮೆಯ ಕಾಗದ ಎಲ್ಲವನ್ನೂ ಕೈಚೀಲದಲ್ಲೇ ಇಟ್ಟುಕೊಂಡಿದ್ದೆ. ವಿಮೆ ಇಲ್ಲದೆ ಆ ದೇಶಕ್ಕೆ ಕಾಲಿಡಬಾರದು. ಅಲ್ಲಿಯ ಆಸ್ಪತ್ರೆ ಬಿಲ್ಲಿನ ಕಥೆಗಳನ್ನು ಕೇಳಿದರೆ ಸಾಕು, ಜ್ವರ ಬರುತ್ತದೆ.

"ಅಣ್ಣ, ಶನಿವಾರ ಇವರೇ ಕಾರಲ್ಲಿ ಕರ್ಕೊಂಡು ಹೋಗ್ತಾರೆ" ಅಂದಳು ತಂಗಿ. ನಾನು ಒಪ್ಪಲಿಲ್ಲ. ನಗರದ ನಡುವೆ ಕಾರು ನಿಲ್ಲಿಸುವ ಬಾಡಿಗೆ ಕೇಳಿದರೆ ಊಟ ಸೇರುವುದಿಲ್ಲ; ಜೊತೆಗೆ ಗಂಟೆ ನೋಡಿಕೊಂಡು ಓಡಾಡಬೇಕು. ನೇಪರ್‌ವಿಲ್‌ನಿಂದ ಮೆಟ್ರಾ ಎನ್ನುವ ಉಪನಗರ ರೈಲಿದೆ. ಹಳೆಯ ಬೋಗಿಗಳಲ್ಲಿ ಕಿರಿದಾದ ಮೆಟ್ಟಿಲು ಹತ್ತಿದರೆ ಮೇಲೆ ಒಬ್ಬೊಬ್ಬರೇ ಕೂರುವ ಸೀಟುಗಳ ಸಾಲು, ಪಕ್ಕದಲ್ಲೇ ಕಿಟಕಿ. ಎಲ್ಲ ಕಡೆ ನಿಲ್ಲುವ ರೈಲಾದರೆ ಸುಮಾರು ಒಂದು ಗಂಟೆ. ವಾರಾಂತ್ಯಕ್ಕೆ ಅಗ್ಗದ ಪಾಸ್ ಸಿಗುತ್ತದೆ. ಇಳಿಯುವ ಯೂನಿಯನ್ ಸ್ಟೇಷನ್ 1925ರದ್ದು. ಜನ ಪ್ಲಾಟ್‌ಫಾರಮ್ಮಿನಿಂದ ನೇರ ಬೀದಿಗೆ ನುಗ್ಗುತ್ತಾರೆ, ನೀವು ಹಾಗೆ ಮಾಡದೆ ಗ್ರೇಟ್ ಹಾಲ್ ಒಳಗೆ ಹೋಗಿ ಮರದ ಬೆಂಚಿನ ಮೇಲೆ ಐದು ನಿಮಿಷ ಕೂತು ಗಾಜಿನ ಚಾವಣಿ ನೋಡಿ.

ಹೊರಡುವ ಮುಂಚೆ ಸೋದರಳಿಯನನ್ನು ಕೂರಿಸಿಕೊಂಡು ಫೋನಿನ ಮ್ಯಾಪಿನಲ್ಲಿ ಗುರುತು ಹಾಕಿಸಿದೆ. "ಮಾಮ, ಹತ್ತಿರ ಇರೋದನ್ನೆಲ್ಲ ಒಟ್ಟಿಗೆ ನೋಡೋಣ" ಅಂದ. ನಾನು ಹೇಳಿದೆ, ಬೇಡ, ಇಸವಿ ಪ್ರಕಾರ ನೋಡೋಣ. ಸ್ವಲ್ಪ ಹೆಚ್ಚು ನಡೆಯಬೇಕಾಗುತ್ತದೆ, ಆದರೆ ಆ ಊರಿಗೆ ಅದೇ ಸರಿ. 1871ರ ಅಕ್ಟೋಬರಿನಲ್ಲಿ ಬೆಂಕಿ ಬಿದ್ದು ನಗರದ ನಡುಭಾಗವೆಲ್ಲ ಸುಟ್ಟುಹೋಯಿತು. ಆಮೇಲೆ ಜಾಗದ ಬೆಲೆ ಏರಿತು, ಲಿಫ್ಟ್ ಬಂತು, ಉಕ್ಕು ಅಗ್ಗವಾಯಿತು. ಒಂದೊಂದು ಕಟ್ಟಡವೂ ಹಿಂದಿನದಕ್ಕೆ ಕೊಟ್ಟ ಉತ್ತರ. ಉಕ್ಕಿನ ಚೌಕಟ್ಟಿನ ಗಗನಚುಂಬಿಗಳಿಗೆ ಮೊದಲನೆಯದು ಎಂದು ಬಹಳ ಜನ ಹೇಳುವ ಹೋಮ್ ಇನ್ಶೂರೆನ್ಸ್ ಕಟ್ಟಡ 1885ರಲ್ಲಿ ಎದ್ದದ್ದು, 1931ರಲ್ಲಿ ಕೆಡವಿಬಿಟ್ಟರು. ಹಾಗಾಗಿ ನಾನು ಶುರುಮಾಡಿದ್ದು ಮೊನಾಡ್‌ನಾಕ್ ಕಟ್ಟಡದಿಂದ.

ಇದೊಂದನ್ನು ನೋಡಲು ಅರ್ಧ ದಿನ ಕೊಟ್ಟರೂ ನಷ್ಟವಿಲ್ಲ. ಜಾಕ್ಸನ್ ಮತ್ತು ಡಿಯರ್‌ಬಾರ್ನ್ ರಸ್ತೆಗಳು ಕೂಡುವ ಮೂಲೆಯಲ್ಲಿದೆ. ಉತ್ತರದ ಅರ್ಧ 1891ರದ್ದು, ಬರ್ನ್‌ಹ್ಯಾಮ್ ಮತ್ತು ರೂಟ್ ಎನ್ನುವ ವಾಸ್ತುಶಿಲ್ಪಿ ಜೋಡಿಯ ಕೆಲಸ. 16 ಮಹಡಿ, ಹೊರಗೋಡೆಯೆಲ್ಲ ಇಟ್ಟಿಗೆ, ಭಾರ ಹೊರುವುದೂ ಅದೇ ಇಟ್ಟಿಗೆ. ನಮ್ಮಲ್ಲಿ ಒಂಬತ್ತಿಂಚಿನ ಗೋಡೆ ಎತ್ತಿದರೆ ಗಟ್ಟಿ ಮನೆ ಅನ್ನುತ್ತೇವೆ. ಇಲ್ಲಿ ಬುಡದಲ್ಲಿ ಗೋಡೆಯ ದಪ್ಪ 6 ಅಡಿ! ಕೆಳಗಿನ ಕಿಟಕಿಯ ಪಕ್ಕ ನಿಂತು ಒಳಗೆ ಕೈಚಾಚಿದೆ, ಭುಜದವರೆಗೆ ಹೋದರೂ ಗಾಜು ಇನ್ನೂ ದೂರವಿತ್ತು. ಮೇಲೆ ಒಂದಿಷ್ಟೂ ಕುಸುರಿ ಇಲ್ಲ. ಬುಡದಲ್ಲಿ ಅಗಲವಾಗಿ, ಎರಡನೇ ಮಹಡಿಯ ಹತ್ತಿರ ಬಳುಕಿ ಒಳಕ್ಕೆ ಸರಿದು, ತುದಿಯಲ್ಲಿ ಮತ್ತೆ ಸ್ವಲ್ಪ ಹೊರಕ್ಕೆ ಬಾಗುತ್ತದೆ. ಆ ಬಾಗಿಗೆ ಬೇಕಾದ ಇಟ್ಟಿಗೆಯನ್ನು ಬೇರೆ ಅಚ್ಚು ಮಾಡಿಸಿ ಸುಡಿಸಿದ್ದಾರೆ. ಮೂಲೆಯ ಇಟ್ಟಿಗೆಗಳ ಮೇಲೆ ಬೆರಳಾಡಿಸಿದರೆ ಗೊತ್ತಾಗುತ್ತದೆ, ಎಲ್ಲೂ ಕತ್ತಿಯಲ್ಲಿ ಒಡೆದು ಕೂರಿಸಿದ್ದಲ್ಲ. ಆ ಕೆಲಸ ಮಾಡಿದ ಮೇಸ್ತ್ರಿಗಳ ಹೆಸರು ಎಲ್ಲೂ ಕಾಣಲಿಲ್ಲ.

ಆ ಊರಿನ ನೆಲ ಮೆತ್ತಗಿನ ಜೇಡಿ, ಗಟ್ಟಿ ಬಂಡೆ ತೀರಾ ಆಳದಲ್ಲಿದೆ. ಅದಕ್ಕೇ ರೂಟ್ ರೈಲು ಕಂಬಿಗಳನ್ನು ಅಡ್ಡಡ್ಡ ಜೋಡಿಸಿ ಕಾಂಕ್ರೀಟಿನಲ್ಲಿ ಹೂತು, ತೆಪ್ಪದಂಥ ಪಾಯ ಮಾಡಿ ಅದರ ಮೇಲೆ ಕಟ್ಟಡಗಳನ್ನು ಕೂರಿಸಿದ. ಕಟ್ಟಡ ಸ್ವಲ್ಪ ಇಳಿದೇ ಇಳಿಯುತ್ತದೆ ಎಂದು ಲೆಕ್ಕ ಹಾಕಿಯೇ ಕಟ್ಟಿದ್ದರು. ಮೊನಾಡ್‌ನಾಕ್ ಆ ಲೆಕ್ಕಕ್ಕಿಂತಲೂ ಹೆಚ್ಚು ಇಳಿಯಿತು, ಆದರೂ ನಿಂತಿದೆ. ಒಳಗೆ ಹೋದರೆ ಅಲ್ಯೂಮಿನಿಯಂ ಮೆಟ್ಟಿಲು ಕಂಬಿಗಳಿವೆ. ಕಟ್ಟಡ ಕೆಲಸದಲ್ಲಿ ಆ ಲೋಹ ಬಳಸಿದ ಮೊದಮೊದಲ ಕಡೆಗಳಲ್ಲಿ ಇದೂ ಒಂದು.

ಈಗ ಹೊರಗೆ ಬಂದು ದಕ್ಷಿಣಕ್ಕೆ ಹತ್ತು ಹೆಜ್ಜೆ ನಡೆಯಿರಿ. ಅದೇ ಕಟ್ಟಡದ ಇನ್ನೊಂದು ಅರ್ಧ, ಹೋಲಬರ್ಡ್ ಮತ್ತು ರೋಶ್ ಕಟ್ಟಿದ್ದು, 1893ರದ್ದು. ಎರಡೇ ವರ್ಷದ ಅಂತರ. ಒಳಗೆ ಉಕ್ಕಿನ ಚೌಕಟ್ಟು, ಇಟ್ಟಿಗೆ ಬರೀ ಹೊದಿಕೆ. ಗೋಡೆ ತೆಳುವಾಗಿದೆ, ಕೆಳಗಿನ ಅಂಗಡಿಗಳಿಗೆ ಅಗಲವಾದ ಗಾಜು ಬಂದಿದೆ. ಆರಡಿ ಗೋಡೆ ಎಂದರೆ ಬೀದಿಬದಿಯ, ಅತಿ ಹೆಚ್ಚು ಬಾಡಿಗೆ ಬರುವ ಜಾಗವನ್ನು ಗೋಡೆಯೇ ತಿಂದುಹಾಕಿದಂತೆ. ಮಾಲೀಕರಿಗೆ ಅದು ಅರ್ಥವಾಗದೆ ಇರುತ್ತದೆಯೇ? ಇಂಥ ಎತ್ತರಕ್ಕೆ ಇಟ್ಟಿಗೆಯ ಕಾಲ ಮುಗಿಯಿತು ಎನ್ನುವುದನ್ನು ಒಂದೇ ಗೋಡೆಯ ಉದ್ದಕ್ಕೂ ನಡೆದು ನೋಡಬಹುದು.

ಜಾಕ್ಸನ್ ರಸ್ತೆ ದಾಟಿದರೆ ಎದುರಿಗೇ ಫೆಡರಲ್ ಸೆಂಟರ್, ಮೀಸ್ ವಾನ್ ಡರ್ ರೋಹೆ ವಿನ್ಯಾಸ. ಕಪ್ಪು ಉಕ್ಕು, ಗಾಜು, ಅಷ್ಟೇ. ಮೊದಲ ನೋಟಕ್ಕೆ ಏನೂ ಇಲ್ಲ ಅನಿಸುತ್ತದೆ, ಅಳಿಯ "ಡಬ್ಬ ಇದ್ದಂಗಿದೆ" ಅಂದುಬಿಟ್ಟ. ನಾನು ಅವನಿಗೆ ನೆಲ ತೋರಿಸಿದೆ. ಅಂಗಳದ ಗ್ರಾನೈಟ್ ಹಾಸಿನ ಗೆರೆ ನೇರ ಹೋಗಿ ಗಾಜಿನ ಗೋಡೆಯ ಕೆಳಗೆ ನುಸುಳಿ ಒಳಗಿನ ನೆಲದಲ್ಲಿ ಮುಂದುವರಿಯುತ್ತದೆ. ಒಂದು ಮನೆಯ ಹಾಲಿನಿಂದ ವರಾಂಡಕ್ಕೆ ಟೈಲ್ಸ್ ಗೆರೆ ಸೇರಿಸುವುದಕ್ಕೆ ಕೆಲಸಗಾರರ ಜೊತೆ ಎಷ್ಟು ಗುದ್ದಾಡುತ್ತೇನೆ ಎಂದು ನನಗೆ ಗೊತ್ತು. ಇಲ್ಲಿ ಇಡೀ ಅಂಗಳಕ್ಕೆ ಆ ಅಳತೆ ಹಿಡಿದಿದ್ದಾರೆ. ನಡುವೆ ಶಿಲ್ಪಿ ಕಾಲ್ಡರ್‌ನ 53 ಅಡಿಯ ಕೆಂಪು ಉಕ್ಕಿನ ಶಿಲ್ಪ ಫ್ಲೆಮಿಂಗೊ ನಿಂತಿದೆ, ಫೋಟೊ ತೆಗೆಯುವವರೆಲ್ಲ ಅದರ ಕೆಳಗೆ.

ಅಲ್ಲಿಂದ ಜಾಕ್ಸನ್ ರಸ್ತೆಯಲ್ಲೇ ಪಶ್ಚಿಮಕ್ಕೆ ಬಂದರೆ ಫ್ರಾಂಕ್ಲಿನ್ ರಸ್ತೆಯ ಮೂಲೆಯಲ್ಲಿ ಒಂದು ಬೋರ್ಡು: ಫಜ್ಲುರ್ ಆರ್. ಖಾನ್ ವೇ. ಢಾಕಾದಲ್ಲಿ ಹುಟ್ಟಿ, ಕಲ್ಕತ್ತಾ ಪಕ್ಕದ ಶಿಬ್‌ಪುರದ ಎಂಜಿನಿಯರಿಂಗ್ ಕಾಲೇಜಿನಲ್ಲೂ ಓದಿದ್ದ ಖಾನ್, ಎದುರಿಗೇ ಇರುವ ಸಿಯರ್ಸ್ ಟವರಿನ ಎಂಜಿನಿಯರ್. ಈಗದರ ಹೆಸರು ವಿಲ್ಲಿಸ್ ಟವರ್; ಊರಿನವರು ಹಳೆಯ ಹೆಸರನ್ನೇ ಕರೆಯುತ್ತಾರೆ. 110 ಮಹಡಿ, 1,450 ಅಡಿ, 1998ರವರೆಗೂ ಜಗತ್ತಿನಲ್ಲೇ ಎತ್ತರದ್ದು. ಅಷ್ಟು ಎತ್ತರದಲ್ಲಿ ದೊಡ್ಡ ತಲೆನೋವು ಗಾಳಿ. ಖಾನ್ ಮಾಡಿದ್ದೇನೆಂದರೆ 75 ಅಡಿ ಚೌಕದ ಒಂಬತ್ತು ಕೊಳವೆಗಳನ್ನು ಮೂರು ಮೂರರಂತೆ ಒತ್ತಾಗಿ ಕಟ್ಟಿದ್ದು. ಎರಡು 50ನೇ ಮಹಡಿಗೆ ನಿಲ್ಲುತ್ತವೆ, ಎರಡು 66ಕ್ಕೆ, ಮೂರು 90ಕ್ಕೆ, ಉಳಿದೆರಡು ಮಾತ್ರ ಮೇಲಕ್ಕೆ. ದೂರದಿಂದ ನೋಡಿದಾಗ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಅದಕ್ಕೇ. ಇದನ್ನು ಅಳಿಯನಿಗೆ ವಿವರಿಸುವಾಗ ಪಕ್ಕದಲ್ಲಿ ನಿಂತಿದ್ದ ಅಮೆರಿಕನ್ ದಂಪತಿಯೂ ಕಿವಿಗೊಟ್ಟರು. ನಾನು ಹೇಳುತ್ತಿದ್ದದ್ದು ಕನ್ನಡದಲ್ಲಿ, ಆದರೆ ಬೆರಳುಗಳನ್ನು ಜೋಡಿಸಿ ತೋರಿಸುತ್ತಿದ್ದೆನಲ್ಲ, ಅರ್ಥವಾಯಿತೇನೋ.

103ನೇ ಮಹಡಿಯಲ್ಲಿ ಹೊರಗೆ ಚಾಚಿದ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸುತ್ತಾರೆ, ಕಾಲ ಕೆಳಗೆ 1,353 ಅಡಿ. ಭಾವ ಆಗಲೇ ಟಿಕೆಟ್ ತೆಗೆದಿದ್ದರಿಂದ ಹೋದೆವು. ಸರತಿ ಉದ್ದ, ಗಾಜಿನ ಮೇಲೆ ನಿಲ್ಲಲು ಕೊಡುವ ಸಮಯ ತುಸುವೇ. ದುಡ್ಡು ಎಣಿಸಿ ಖರ್ಚು ಮಾಡುವವರಾದರೆ ಇದನ್ನು ಬಿಡಿ, ಅದೇ ಡಾಲರುಗಳನ್ನು ನದಿಯ ದೋಣಿಗೆ ಕೊಡಿ.

ದೋಣಿಗಳು ಬೇಕಾದಷ್ಟಿವೆ. ಚಿಕಾಗೋ ಆರ್ಕಿಟೆಕ್ಚರ್ ಸೆಂಟರಿನದನ್ನೇ ಹಿಡಿಯಿರಿ. ಒಂದೂವರೆ ಗಂಟೆ, ವಿವರಣೆ ಕೊಡುವವರು ತರಬೇತಿ ಪಡೆದ ಸ್ವಯಂಸೇವಕರು. ನಮ್ಮ ದೋಣಿಯಲ್ಲಿದ್ದ ಅಜ್ಜಿಗೆ ಎಪ್ಪತ್ತರ ಮೇಲಿರಬೇಕು, ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಮಾತಾಡಿದರು. ಮೆರೀನಾ ಸಿಟಿಯ ಜೋಳದ ತೆನೆಯಂಥ ಜೋಡಿ ಗೋಪುರಗಳನ್ನು ನೀವು ಎಲ್ಲ ಫೋಟೊಗಳಲ್ಲೂ ನೋಡಿರುತ್ತೀರಿ. ಕೆಳಗಿನ 19 ಮಹಡಿ ಬರೀ ಕಾರುಗಳಿಗೆ, ಸುರುಳಿ ಸುರುಳಿಯಾಗಿ ಏರುವ ದಾರಿ. ನನಗೆ ಅದಕ್ಕಿಂತ ಹಿಡಿಸಿದ್ದು 150 ನಾರ್ತ್ ರಿವರ್‌ಸೈಡ್. 2017ರದ್ದು, 54 ಮಹಡಿ. ಒಂದು ಕಡೆ ರೈಲು ಹಳಿ, ಇನ್ನೊಂದು ಕಡೆ ನದಿ, ನಡುವೆ ಉಳಿದದ್ದು ಕಿರಿದಾದ ಪಟ್ಟಿ. ಯಾರೂ ಮುಟ್ಟದ ಜಾಗ. ಬುಡವನ್ನು ಸುಮಾರು 39 ಅಡಿಗೆ ಇಳಿಸಿ, ಮೇಲಕ್ಕೆ ಹೋದಂತೆ ಎರಡೂ ಕಡೆ ಚಾಚಿ ಅಗಲ ಮಾಡಿಕೊಂಡಿದ್ದಾರೆ. ತೂಗಾಟ ತಗ್ಗಿಸಲು ಮೇಲೆ ನೀರಿನ ತೊಟ್ಟಿಗಳಿವೆ. ಮೊನಾಡ್‌ನಾಕಿನ ಆರಡಿ ಗೋಡೆ ಮುಟ್ಟಿ ಬಂದವನಿಗೆ ಇದು ಎಷ್ಟು ದೊಡ್ಡ ಜಿಗಿತ ಎನ್ನುವುದು ಗೊತ್ತಾಗುತ್ತದೆ.

ಉತ್ತರದ ಕಡೆ ಜಾನ್ ಹ್ಯಾನ್ಕಾಕ್ ಕಟ್ಟಡ (ಈಗದರ ಹೆಸರು 875 ನಾರ್ತ್ ಮಿಶಿಗನ್ ಅವೆನ್ಯೂ), ಅದೂ ಖಾನ್ ಕೆಲಸ, 100 ಮಹಡಿ. ಹೊರಮೈಮೇಲೆ ದೊಡ್ಡ ದೊಡ್ಡ ಅಡ್ಡಪಟ್ಟಿಗಳು ಎಕ್ಸ್ ಆಕಾರದಲ್ಲಿ ಏರುತ್ತವೆ. ಅಲಂಕಾರ ಅಂದುಕೊಳ್ಳಬೇಡಿ, ಗಾಳಿಯ ಒತ್ತಡ ಹೊರುವುದು ಅವೇ. ಕೆಲವು ಮನೆಗಳ ಕಿಟಕಿಗೆ ಅಡ್ಡಲಾಗಿಯೂ ಹೋಗಿವೆ. ಎಂಜಿನಿಯರ್ ಮಾತು ಬಾಡಿಗೆದಾರನ ಮಾತಿಗಿಂತ ಮೇಲಾದ ಅಪರೂಪದ ಕಟ್ಟಡ ಎಂದು ನನಗೆ ಒಳಗೊಳಗೇ ಖುಷಿ.

ಕಾಲು ನೋಯಲು ಶುರುವಾದಾಗ ದುಡ್ಡಿಲ್ಲದೆ ಒಳಗೆ ಹೋಗಬಹುದಾದ ಜಾಗಗಳು ನೆನಪಿರಲಿ. ಕಲ್ಚರಲ್ ಸೆಂಟರ್ 1897ರಲ್ಲಿ ಗ್ರಂಥಾಲಯವಾಗಿ ಕಟ್ಟಿದ್ದು. 38 ಅಡಿ ಅಗಲದ ಟಿಫನಿ ಗಾಜಿನ ಗುಮ್ಮಟ, ಕೂರಲು ಕುರ್ಚಿ, ಚೊಕ್ಕಟವಾದ ಶೌಚಾಲಯ ಎಲ್ಲ ಇವೆ. ರೂಕರಿ ಕಟ್ಟಡದ ಒಳಾಂಗಣವನ್ನು ಫ್ರಾಂಕ್ ಲಾಯ್ಡ್ ರೈಟ್ 1905ರ ಹೊತ್ತಿಗೆ ಬಿಳಿ ಅಮೃತಶಿಲೆ, ಚಿನ್ನದ ಗೆರೆಗಳಿಂದ ಹೊಸದು ಮಾಡಿದ. ಅದು ಕಚೇರಿ ಕಟ್ಟಡ, ವಾರದ ದಿನವೇ ಹೋಗಿ.

ತಂಗಿಗೆ ಒಂದೇ ಆಸೆ, ವಿವೇಕಾನಂದರು ಮಾತಾಡಿದ ಜಾಗಕ್ಕೆ ನಾನು ಹೋಗಬೇಕು. 1893ರ ಸೆಪ್ಟೆಂಬರ್ 11ರ ಆ ಸಭೆ ನಡೆದದ್ದು ಈಗಿನ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿ. ಸಭಾಂಗಣ ತಾತ್ಕಾಲಿಕವಾದದ್ದು, ಈಗಿಲ್ಲ. ಕಟ್ಟಡವಿದೆ, ಮುಂದಿನ ಮಿಶಿಗನ್ ಅವೆನ್ಯೂಗೆ ಅವರ ಹೆಸರಿನ ಬೋರ್ಡಿದೆ. ಇಬ್ಬರೂ ಅಲ್ಲಿ ಫೋಟೊ ತೆಗೆಸಿಕೊಂಡೆವು.

ದಾರಿ ಹುಡುಕಲು ಒಂದು ಉಪಾಯ. ಸ್ಟೇಟ್ ಮತ್ತು ಮ್ಯಾಡಿಸನ್ ರಸ್ತೆಗಳು ಕೂಡುವಲ್ಲಿ ಊರಿನ ಮನೆ ನಂಬರುಗಳ ಸೊನ್ನೆ. ದಕ್ಷಿಣದ ಮೊದಲ ಮೂರು ಮೈಲಿ ಬಿಟ್ಟರೆ, ಅಲ್ಲಿಂದ ಒಂದು ಮೈಲಿಗೆ 800ರ ಲೆಕ್ಕ. ನಂಬರು 1600 ನಾರ್ತ್ ಎಂದಿದ್ದರೆ ಸೊನ್ನೆಯಿಂದ ಉತ್ತರಕ್ಕೆ ಎರಡು ಮೈಲಿ. ಇದು ತಲೆಗೆ ಹತ್ತಿದ ಮೇಲೆ ನಡೆಯುವುದೋ ಟ್ರೇನು ಹತ್ತುವುದೋ ಎಂದು ವಿಳಾಸ ನೋಡಿಯೇ ಹೇಳುತ್ತಿದ್ದೆ. ಅದೇ ಮೂಲೆಯಲ್ಲಿ ಲೂಯಿ ಸಲಿವನ್ ಮಾಡಿದ ಹಳೆಯ ಅಂಗಡಿ ಕಟ್ಟಡದ ಬಾಗಿಲು, ಎರಕದ ಕಬ್ಬಿಣದಲ್ಲಿ ಬಳ್ಳಿ ಎಲೆಗಳು ಹೆಣೆದುಕೊಂಡಿವೆ. ಕುಸುರಿ ಇಷ್ಟಪಡುವವರಿಗೆ ಮೊನಾಡ್‌ನಾಕ್ ಬೋಳು ಅನಿಸಿದ್ದರೆ ಇಲ್ಲಿ ಸಮಾಧಾನವಾಗುತ್ತದೆ.

ಸಲಿವನ್, ಬರ್ನ್‌ಹ್ಯಾಮ್, ರೂಟ್, ಮೀಸ್, ಖಾನ್ ಎಲ್ಲರ ಸಮಾಧಿಯೂ ಗ್ರೇಸ್‌ಲ್ಯಾಂಡ್ ಎನ್ನುವ ಒಂದೇ ಸ್ಮಶಾನದಲ್ಲಿದೆ. ಸ್ಮಶಾನ ನೋಡಲು ಅಮೆರಿಕಾಗೆ ಬಂದೆಯಾ ಅಂತ ತಂಗಿ ಬೈದಳು, ಬರಲಿಲ್ಲ. ನಾನೂ ಅಳಿಯನೂ ಹೋದೆವು. ಬರ್ನ್‌ಹ್ಯಾಮ್‌ಗೆ ಕೊಳದ ನಡುವಿನ ಪುಟ್ಟ ದ್ವೀಪ, ಮೀಸ್‌ಗೆ ನೆಲಕ್ಕೆ ಸಮನಾಗಿ ಹಾಸಿದ ಕಪ್ಪು ಗ್ರಾನೈಟ್ ಚಪ್ಪಡಿ. ಬದುಕಿದ್ದಾಗ ಕಟ್ಟಿದಂತೆಯೇ!

ಮೇನಿಂದ ಅಕ್ಟೋಬರಿನೊಳಗೆ ಹೋಗಿ. ಸರೋವರದ ಗಾಳಿಗೆ ಜೂನ್‌ನಲ್ಲೂ ಒಂದು ಜಾಕೆಟ್ ಬೇಕು. ಹೊಸ ಶೂ ಹಾಕಿಕೊಂಡು ಹೋಗಬೇಡಿ. ಮಿಲೇನಿಯಂ ಪಾರ್ಕಿನ ಬೀನ್ ಎನ್ನುವ ಶಿಲ್ಪದ ಬಗ್ಗೆ ನಾನು ಹೇಳಲೇ ಇಲ್ಲ ಅಂದುಕೊಂಡಿರಬಹುದು. ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರ್ ಮಾಡಿದ್ದು. 168 ಸ್ಟೀಲ್ ತಗಡುಗಳನ್ನು ಬೆಸೆದಿದ್ದಾರೆ, ಬೆಸುಗೆಯ ಗುರುತು ಹುಡುಕಿದರೂ ಸಿಗುವುದಿಲ್ಲ. ನೋಡಿ. ಈಗ ತಂಗಿ ಮನೆಗೆ ಊರಿಂದ ಯಾರೇ ಬಂದರೂ ಅಳಿಯ ಅವರನ್ನು ಮೊದಲು ಮೊನಾಡ್‌ನಾಕ್ ಮುಂದೆ ನಿಲ್ಲಿಸಿ ಕಿಟಕಿಯೊಳಗೆ ಕೈ ಹಾಕಿಸುತ್ತಾನಂತೆ. ಅವರು ಹಾಕಿ ತೆಗೆದು, ಬೀನ್ ಯಾವಾಗ ತೋರಿಸುತ್ತೀಯಪ್ಪ ಎಂದು ಕೇಳುತ್ತಾರಂತೆ.