ಮನೆಗೆ ಬರುವ ನೀರಿನ ಗಸಿಯನ್ನು ತೆಗೆಯುವ ಕ್ರಮ

ಬೆಂಗಳೂರಿನ ಅನೇಕ ಮನೆಗಳಲ್ಲಿ ನೆಲದೊಳಗಿನ ಒಂದೇ ತೊಟ್ಟಿಗೆ, ಅಂದರೆ ಸಂಪಿಗೆ, ಎರಡು ಮೂರು ಮೂಲಗಳ ನೀರು ಬಂದು ಬೀಳುತ್ತದೆ: ಜಲಮಂಡಳಿಯ ಕಾವೇರಿ ನೀರು, ಕೊಳವೆಬಾವಿಯ ನೀರು, ಬೇಸಿಗೆಯಲ್ಲಿ ಟ್ಯಾಂಕರಿನ ನೀರು. ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು ಸುಮಾರು ನೂರು ಕಿಲೋಮೀಟರ್ ದೂರ ಪಂಪುಗಳ ಬಲದಿಂದ ನಗರವನ್ನು ತಲುಪುತ್ತದೆ. ಅಲ್ಲಿಂದ ಹೊರಡುವಾಗ ತಿಳಿಯಾಗಿದ್ದ ನೀರು ನಮ್ಮ ನಲ್ಲಿಯಲ್ಲಿ ಬಗ್ಗಡವಾಗಿ ಬಂದರೆ, ಆ ಗಸಿ ದಾರಿಯಲ್ಲಿ ಎಲ್ಲೋ ಸೇರಿಕೊಂಡಿದೆ ಎಂದೇ ಅರ್ಥ. ಅದು ಬೀದಿಯ ಕೊಳವೆಯಲ್ಲಿ ಸೇರಿರಬಹುದು, ನಮ್ಮದೇ ಸಂಪಿನ ತಳದಿಂದ ಎದ್ದಿರಬಹುದು, ಗೋಡೆಯೊಳಗಿನ ಹಳೆಯ ಕಬ್ಬಿಣದ ಪೈಪಿನಿಂದ ಉದುರಿರಬಹುದು. ಈ ಮೂರಕ್ಕೂ ಮದ್ದು ಬೇರೆ ಬೇರೆ. ಆದ್ದರಿಂದ ಅಂಗಡಿಗೆ ಹೋಗಿ ಫಿಲ್ಟರ್ ಕೊಳ್ಳುವುದು ಈ ಕೆಲಸದ ಮೊದಲ ಹೆಜ್ಜೆಯಲ್ಲ. ಗಸಿ ಯಾವುದು, ಅದು ಎಲ್ಲಿ ಸೇರುತ್ತಿದೆ ಎಂದು ಪತ್ತೆ ಹಚ್ಚುವುದೇ ಮೊದಲ ಹೆಜ್ಜೆ.

ಗಸಿಯನ್ನು ಗುರುತಿಸುವುದು

ಲೇಬಲ್ ತೆಗೆದ, ಬಣ್ಣವಿಲ್ಲದ ಒಂದೊಂದು ಲೀಟರಿನ ನಾಲ್ಕು ಬಾಟಲಿಗಳನ್ನು ತೆಗೆದುಕೊಳ್ಳಿ. ಮೊದಲನೆಯದಕ್ಕೆ ಬೀದಿಯ ಕೊಳವೆಯಿಂದ ಸಂಪಿಗೆ ಬೀಳುವ ನೀರನ್ನು, ಎರಡನೆಯದಕ್ಕೆ ಕೊಳವೆಬಾವಿಯಿಂದ ನೇರವಾಗಿ ಬಂದ ನೀರನ್ನು, ಮೂರನೆಯದಕ್ಕೆ ಮೇಲಿನ ಟ್ಯಾಂಕಿನ ನೀರನ್ನು, ನಾಲ್ಕನೆಯದಕ್ಕೆ ಮನೆಯೊಳಗಿನ ನಲ್ಲಿಯಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಬರುವ ನೀರನ್ನು ಹಿಡಿದು, ಪ್ರತಿಯೊಂದರ ಮೇಲೂ ಗುರುತು ಬರೆದು, ಅಲುಗಾಡದ ಜಾಗದಲ್ಲಿ ಒಂದು ರಾತ್ರಿ ಇಡಿ. ಮಾರನೆಯ ದಿನ ಯಾವ ಬಾಟಲಿಯ ತಳದಲ್ಲಿ ಎಷ್ಟು ಗಸಿ ಕೂತಿದೆ ಎಂಬುದನ್ನು ನೋಡಿದರೆ ಅರ್ಧ ಕೆಲಸ ಮುಗಿದಂತೆಯೇ. ಮೊದಲ ಮೂರು ಬಾಟಲಿಗಳು ತಿಳಿಯಾಗಿದ್ದು ನಾಲ್ಕನೆಯದರಲ್ಲಿ ಮಾತ್ರ ಕೆಂಪು ಚೂರುಗಳು ಕಂಡರೆ ದೋಷ ಮನೆಯ ಪೈಪಿನಲ್ಲಿದೆ. ಯಾವ ಫಿಲ್ಟರನ್ನು ಟೆರೇಸಿನ ಮೇಲೆ ಕೂರಿಸಿದರೂ ಪ್ರಯೋಜನವಿಲ್ಲ, ತುಕ್ಕು ಹಿಡಿದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನೇ ಬದಲಾಯಿಸಬೇಕು.

ಅನಂತರ ಗಸಿಯನ್ನು ಎರಡು ಬೆರಳುಗಳ ನಡುವೆ ಉಜ್ಜಿ ನೋಡಿ. ಗರಗರ ಎಂದರೆ ಅದು ಮರಳು ಅಥವಾ ಕೊಳವೆಬಾವಿಯ ಕಲ್ಲುಪುಡಿ. ನುಣ್ಣಗೆ ಜಾರಿದರೆ ಮೆಕ್ಕಲು ಅಥವಾ ಜೇಡಿಮಣ್ಣು. ಬೆಳ್ಳಗಿನ ಪುಡಿಯಾಗಿದ್ದರೆ ಅದರ ಮೇಲೆ ನಿಂಬೆರಸ ಹಿಂಡಿ: ನೊರೆಯಾಗಿ ಗುಳ್ಳೆ ಬಂದರೆ ಅದು ಗಡಸು ನೀರಿನ ಸುಣ್ಣ. ಹಿಡಿದಾಗ ತಿಳಿಯಾಗಿದ್ದ ನೀರು ಗಾಳಿಗೆ ತೆರೆದಿಟ್ಟ ಕೆಲವು ಗಂಟೆಗಳಲ್ಲಿ ಕೆಂಪಾಗಿ, ತಳದಲ್ಲಿ ಇಟ್ಟಿಗೆ ಬಣ್ಣದ ಗಸಿ ಕೂತರೆ ಅದು ಕರಗಿದ ಕಬ್ಬಿಣ. ಮುರಕಲ್ಲಿನ ನೆಲವಿರುವ ಕರಾವಳಿಯ ಬಾವಿಗಳಲ್ಲಿ ಇದನ್ನು ಕಾಣಬಹುದು. ಕರಗಿದ ಸುಣ್ಣವನ್ನಾಗಲಿ ಕರಗಿದ ಕಬ್ಬಿಣವನ್ನಾಗಲಿ ಯಾವ ಗಸಿ ಫಿಲ್ಟರೂ ತಡೆಯಲಾರದು, ಏಕೆಂದರೆ ಫಿಲ್ಟರನ್ನು ದಾಟುವ ಹೊತ್ತಿಗೆ ಅವು ಇನ್ನೂ ಗಸಿಯಾಗಿರುವುದೇ ಇಲ್ಲ. ಇನ್ನು, ನೀರಿಗೆ ಚರಂಡಿಯ ವಾಸನೆಯಿದ್ದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ, ಆ ನೀರನ್ನು ಬಳಸದೆ, ಕೂಡಲೇ ಜಲಮಂಡಳಿಗೋ ಪಂಚಾಯಿತಿಗೋ ದೂರು ಕೊಡಬೇಕು. ಅದು ಸೋಸಿ ಸರಿಪಡಿಸುವ ಸಂಗತಿಯಲ್ಲ.

ಮೊದಲ ನೀರನ್ನು ಒಳಗೆ ಬಿಡಬೇಡಿ

ದಿನ ಬಿಟ್ಟು ದಿನ ನೀರು ಬಿಡುವ ಬೀದಿಗಳಲ್ಲಿ ಕೊಳವೆ ನಡುವೆ ಬರಿದಾಗುತ್ತದೆ. ವಾಲ್ವ್‌ಮನ್ ಅಥವಾ ಹಳ್ಳಿಯ ನೀರುಗಂಟಿ ವಾಲ್ವ್ ತಿರುಗಿಸಿದ ಕೂಡಲೇ ನುಗ್ಗುವ ನೀರು ಕೊಳವೆಯ ತಳದಲ್ಲಿ ಕೂತಿದ್ದ ಮಣ್ಣನ್ನೂ ಗೋಡೆಗೆ ಅಂಟಿದ್ದ ತುಕ್ಕನ್ನೂ ಎಬ್ಬಿಸಿಕೊಂಡು ಬರುತ್ತದೆ. ಮನೆಗೆ ಸೇರುವ ಗಸಿಯ ದೊಡ್ಡ ಪಾಲು ಈ ಮೊದಲ ಕೆಲವು ನಿಮಿಷಗಳ ನೀರಿನಲ್ಲಿಯೇ ಇರುವುದರಿಂದ, ಸಂಪಿಗೆ ಹೋಗುವ ಪೈಪಿನಲ್ಲಿ ಒಂದು ಟೀ, ಅಂದರೆ ಮೂರು ಬಾಯಿಯ ಕವಲು ತುಂಡನ್ನು, ಜೋಡಿಸಿ, ಎರಡು ಕಡೆಗೂ ಒಂದೊಂದು ಬಾಲ್ ವಾಲ್ವ್ ಹಾಕಿಸಿ, ಮೊದಲ ನೀರು ಗಿಡಗಳಿಗೆ ಅಥವಾ ಅಂಗಳ ತೊಳೆಯುವ ಡ್ರಮ್ಮಿಗೆ ಹೋಗುವಂತೆ ಮಾಡಬೇಕು. ನೀರು ತಿಳಿಯಾದದ್ದನ್ನು ಕಣ್ಣಾರೆ ಕಂಡ ಮೇಲೆ ಸಂಪಿನ ಕಡೆಯ ವಾಲ್ವ್ ತೆರೆದರೆ ಸಾಕು. ಕೆಲವೇ ನೂರು ರೂಪಾಯಿಯ ಸಾಮಾನಿನಿಂದ ಆಗುವ ಈ ಕೆಲಸವನ್ನು ಬಿಟ್ಟು ಸಾವಿರಾರು ರೂಪಾಯಿಯ ಫಿಲ್ಟರಿಗೆ ಆ ಹೊರೆಯನ್ನು ಹೊರಿಸುವುದು ನನಗಂತೂ ಸರಿಕಾಣುವುದಿಲ್ಲ.

ಸಂಪು ಎಂಬ ದೊಡ್ಡ ಫಿಲ್ಟರ್

ನಿಂತ ನೀರಿನಲ್ಲಿ ಗಸಿ ತಾನಾಗಿಯೇ ಕೆಳಗಿಳಿಯುತ್ತದೆ, ಆದರೆ ಎಲ್ಲ ಕಣಗಳೂ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಕಣದ ಗಾತ್ರ ಹತ್ತನೇ ಒಂದು ಪಾಲಾದರೆ ಅದು ಇಳಿಯುವ ವೇಗ ನೂರನೇ ಒಂದು ಪಾಲಾಗುತ್ತದೆ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುವ ಮರಳಿನ ಕಣ ಒಂದು ಮೀಟರ್ ಇಳಿಯಲು ಸುಮಾರು 2 ನಿಮಿಷ ಸಾಕು. ಅದರ ಹತ್ತನೇ ಒಂದರಷ್ಟಿರುವ ಮೆಕ್ಕಲಿಗೆ ಕೆಲವು ಗಂಟೆಗಳು ಬೇಕು. ಜೇಡಿಮಣ್ಣಿನ ಅತಿ ಸಣ್ಣ ಕಣಗಳು ದಿನಗಟ್ಟಲೆ ತೇಲುತ್ತಲೇ ಇರುತ್ತವೆ. ಆದ್ದರಿಂದ ಮರಳು ಮತ್ತು ಮೆಕ್ಕಲನ್ನು ಖರ್ಚಿಲ್ಲದೆ ತೆಗೆಯುವ ಸಾಧನ ಈಗಾಗಲೇ ಮನೆಯ ಮುಂದೆ ನೆಲದೊಳಗಿದೆ. ಅದನ್ನು ಸರಿಯಾಗಿ ಬಳಸಬೇಕಷ್ಟೆ.

ಸಂಪಿಗೆ ನೀರು ಎತ್ತರದಿಂದ ದಬದಬನೆ ಬಿದ್ದರೆ ತಳದ ಗಸಿ ಮತ್ತೆ ಏಳುತ್ತದೆ. ಒಳಬರುವ ಪೈಪಿನ ತುದಿಗೆ ಎಲ್ಬೋ (ಬಾಗಿದ ತುಂಡು) ಹಾಕಿ, ನೀರು ಗೋಡೆಯ ಮೇಲೆ ಹರಿದು ಇಳಿಯುವಂತೆ ಮಾಡಬೇಕು. ಪಂಪಿನ ಫುಟ್ ವಾಲ್ವ್ (ನೀರೆಳೆಯುವ ಪೈಪಿನ ಕೆಳತುದಿಯ ವಾಲ್ವ್) ಒಳಹರಿವಿನ ಎದುರು ಮೂಲೆಯಲ್ಲಿದ್ದು, ತಳದಿಂದ ಮುಕ್ಕಾಲು ಅಡಿಯಿಂದ ಒಂದು ಅಡಿಯಷ್ಟು ಮೇಲಿರಬೇಕು. ಹೆಚ್ಚು ನೀರು ಸಿಗಲೆಂದು ಪ್ಲಂಬರುಗಳು ಅದನ್ನು ತಳಕ್ಕೇ ತಾಗಿಸಿಡುವುದುಂಟು. ಆಗ ಪಂಪು ಸಂಪಿನ ಕಸವನ್ನೆಲ್ಲ ಗುಡಿಸಿ ಮೇಲಿನ ಟ್ಯಾಂಕಿಗೆ ಕಳುಹಿಸುತ್ತದೆ. ಹೊಸ ಸಂಪು ಕಟ್ಟಿಸುವವರು ನೆಲವನ್ನು ಒಂದು ಮೂಲೆಗೆ ಇಳಿಜಾರಾಗಿ ಮಾಡಿಸಿ, ಅಲ್ಲೊಂದು ಸಣ್ಣ ಗುಂಡಿ ಬಿಡಿಸಿದರೆ ತೊಳೆಯುವಾಗ ಗಸಿಯೆಲ್ಲ ಅಲ್ಲಿಗೇ ಬಂದು ಸೇರುತ್ತದೆ. ನೀರು ತುಂಬಿದ ಕೂಡಲೇ ಪಂಪ್ ಹಾಕದೆ ಕೆಲವು ಗಂಟೆ ಬಿಡುವುದು, ಅಂದರೆ ರಾತ್ರಿ ಬಂದ ನೀರನ್ನು ಬೆಳಿಗ್ಗೆ ಏರಿಸುವುದು, ಇನ್ನೂ ಒಳ್ಳೆಯದು.

ಟ್ಯಾಂಕರಿನ ಕೆರೆನೀರಿನಂತಹ ಜೇಡಿಮಣ್ಣಿನ ಬಗ್ಗಡ ಮಾತ್ರ ಹೀಗೆ ಇಳಿಯದು. ನಮ್ಮ ಹಿರಿಯರು ಇದಕ್ಕಾಗಿ ಕೊಡದ ಒಳಮೈಗೆ ಚಿಲ್ಲದ ಬೀಜವನ್ನು ತೇಯುತ್ತಿದ್ದರು. ಈಗ ಪಟಿಕವೇ ಸುಲಭ. ಪ್ರಮಾಣವನ್ನು ಊಹಿಸದೆ ಹೀಗೆ ಕಂಡುಕೊಳ್ಳಿ: ಒಂದು ಲೀಟರ್ ನೀರಿನಲ್ಲಿ 1 ಗ್ರಾಂ ಪಟಿಕವನ್ನು ಕರಗಿಸಿಟ್ಟುಕೊಂಡು, ಬಗ್ಗಡ ನೀರಿರುವ ನಾಲ್ಕು ಒಂದು ಲೀಟರ್ ಬಾಟಲಿಗಳಿಗೆ ಆ ದ್ರಾವಣವನ್ನು ಕ್ರಮವಾಗಿ 10, 20, 30 ಮತ್ತು 40 ಮಿಲಿಲೀಟರ್ ಹಾಕಿ, ಒಂದು ನಿಮಿಷ ಜೋರಾಗಿಯೂ ಕೆಲವು ನಿಮಿಷ ನಿಧಾನವಾಗಿಯೂ ಕಲಕಿ, ಅರ್ಧ ಗಂಟೆ ಬಿಟ್ಟು ನೋಡಿ. ಎಲ್ಲಕ್ಕಿಂತ ಕಡಿಮೆ ಪಟಿಕದಲ್ಲಿ ತಿಳಿಯಾದ ಬಾಟಲಿಯೇ ನಿಮ್ಮ ಅಳತೆ. 20 ಮಿಲಿಲೀಟರಿನ ಬಾಟಲಿ ಅದಾಗಿದ್ದರೆ ಲೀಟರಿಗೆ 20 ಮಿಲಿಗ್ರಾಂ, ಅಂದರೆ 10,000 ಲೀಟರಿನ ಸಂಪಿಗೆ 200 ಗ್ರಾಂ ಬೇಕಾಗುತ್ತದೆ. ಅದನ್ನು ಒಂದು ಬಕೆಟ್ ನೀರಿನಲ್ಲಿ ಪೂರ್ತಿ ಕರಗಿಸಿ, ಸಂಪು ತುಂಬುತ್ತಿರುವಾಗ ಬೀಳುವ ನೀರಿನೊಂದಿಗೇ ಸುರಿದು, ರಾತ್ರಿಯಿಡೀ ಮುಟ್ಟದೆ ಬಿಡಬೇಕು. ಪಟಿಕ ಮಣ್ಣನ್ನು ಇಳಿಸುತ್ತದೆಯೇ ಹೊರತು ರೋಗಾಣುಗಳನ್ನು ಪೂರ್ತಿ ಕೊಲ್ಲುವುದಿಲ್ಲ. ಕುಡಿಯುವ ನೀರನ್ನು ಕುದಿಸುವುದು ತಪ್ಪುವುದಿಲ್ಲ.

ಸಂಪನ್ನು ವರ್ಷಕ್ಕೆ ಎರಡು ಬಾರಿಯಾದರೂ ತೊಳೆಯಬೇಕು. ಮುಚ್ಚಿದ ಸಂಪಿನೊಳಗೆ ಉಸಿರಾಟಕ್ಕೆ ಬೇಕಾದ ಆಮ್ಲಜನಕ ಇಲ್ಲದಿರಬಹುದು. ಮುಚ್ಚಳ ತೆಗೆದು ಬಹಳ ಹೊತ್ತು ಗಾಳಿಯಾಡಿಸದೆ, ಮೇಲೆ ಇನ್ನೊಬ್ಬರು ನಿಲ್ಲದೆ, ಯಾರೂ ಒಳಗೆ ಇಳಿಯಕೂಡದು. ಇಳಿದವರು ಕುಸಿದರೆ ಅವರನ್ನು ಎತ್ತಲು ಮತ್ತೊಬ್ಬರು ಧಾವಿಸಿ ಇಳಿಯಲೂ ಕೂಡದು. ಪೆಟ್ರೋಲ್ ಅಥವಾ ಡೀಸೆಲ್ ಪಂಪನ್ನು ಸಂಪಿನೊಳಗೆ ಇಳಿಸಿ ನಡೆಸುವುದಂತೂ ಪ್ರಾಣಾಂತಿಕ.

ಫಿಲ್ಟರುಗಳನ್ನು ಜೋಡಿಸುವುದು

ಇಷ್ಟಾದ ಮೇಲೂ ಉಳಿಯುವ ಗಸಿಗೆ ಫಿಲ್ಟರ್ ಬೇಕು. ಇಲ್ಲಿನ ನಿಯಮ ಒಂದೇ: ಜರಡಿ ದಪ್ಪದಿಂದ ಸಣ್ಣದರ ಕಡೆಗೆ ಸಾಗಬೇಕು. ಮೊದಲೇ 5 ಮೈಕ್ರಾನಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಕಾರ್ಟ್ರಿಜ್, ಅಂದರೆ ಬದಲಾಯಿಸಬಹುದಾದ ಸೋಸುವ ಕೊಳವೆ, ಇಟ್ಟರೆ ಮರಳಿನ ಕಣಗಳೇ ಅದನ್ನು ಕೆಲವು ದಿನಗಳಲ್ಲಿ ಕಟ್ಟಿಸಿಬಿಡುತ್ತವೆ.

ಮರಳಿಗೆ ವೈ ಸ್ಟ್ರೈನರ್ (Y ಆಕಾರದ, ಒಳಗೆ ಜಾಲರಿಯಿರುವ ಫಿಲ್ಟರ್) ಅಥವಾ ಡಿಸ್ಕ್ ಫಿಲ್ಟರ್ (ಒತ್ತೊತ್ತಾಗಿ ಜೋಡಿಸಿದ ಬಿಲ್ಲೆಗಳ ಫಿಲ್ಟರ್) ಸಾಕು. ಹನಿ ನೀರಾವರಿಯ ಸಾಮಾನು ಮಾರುವ ಅಂಗಡಿಗಳಲ್ಲಿ ದೊರೆಯುವ 120 ಮೆಶ್‌ನ, ಅಂದರೆ ಸುಮಾರು 130 ಮೈಕ್ರಾನಿನ ಡಿಸ್ಕ್ ಫಿಲ್ಟರನ್ನು ನಾನು ಮನೆಗಳಿಗೂ ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಅದನ್ನು ಬಿಚ್ಚಿ, ಬಿಲ್ಲೆಗಳನ್ನು ಸಡಿಲಿಸಿ ನಲ್ಲಿಯ ಕೆಳಗೆ ತೊಳೆದರೆ ಮತ್ತೆ ಹೊಸದರಂತಾಗುತ್ತದೆ, ಬದಲಿ ಭಾಗಗಳ ಖರ್ಚು ಅಪರೂಪ. ವೈ ಸ್ಟ್ರೈನರ್ ಹಾಕುವವರು ಅದರ ಮೈಮೇಲಿನ ಬಾಣ ನೀರು ಹರಿಯುವ ದಿಕ್ಕಿಗೂ ಅದರ ಜೇಬು ಕೆಳಮುಖವಾಗಿಯೂ ಇರುವಂತೆ ನೋಡಿಕೊಳ್ಳಬೇಕು. ಕೊಳವೆಬಾವಿ ನಿರಂತರವಾಗಿ ಮರಳನ್ನು ಕಾರುತ್ತಿದ್ದರೆ ಮೋಟರನ್ನು ತಳದಿಂದ ಸ್ವಲ್ಪ ಮೇಲೆತ್ತಿಸುವುದು, ಗೇಟ್ ವಾಲ್ವಿನಿಂದ ಹರಿವನ್ನು ತಗ್ಗಿಸುವುದು ಮೊದಲ ಉಪಾಯ. ಮಳೆ ಬಂದಾಗ ಮಾತ್ರ ಕೆಸರು ಬರುತ್ತಿದ್ದರೆ ಕೇಸಿಂಗ್ ಪೈಪ್ (ಕೊಳವೆಬಾವಿಯ ಮೇಲ್ಭಾಗದ ಮಣ್ಣು ಕುಸಿಯದಂತೆ ಇಳಿಸುವ ಪೈಪ್) ಗಟ್ಟಿ ಬಂಡೆಯ ಮೇಲೆ ಸರಿಯಾಗಿ ಕೂತಿಲ್ಲವೆಂಬ ಅನುಮಾನ ಪಡಬೇಕು.

ಡಿಸ್ಕ್ ಫಿಲ್ಟರಿನ ನಂತರ 20 ಇಂಚಿನ ಜಂಬೋ ಹೌಸಿಂಗಿನಲ್ಲಿ (ಕಾರ್ಟ್ರಿಜ್ ಕೂರಿಸುವ ದೊಡ್ಡ ಡಬ್ಬಿಯಲ್ಲಿ) 20 ಮೈಕ್ರಾನಿನ ಪಿಪಿ ಸ್ಪನ್ (ಪಾಲಿಪ್ರೊಪಿಲೀನ್ ಎಳೆಗಳ) ಕಾರ್ಟ್ರಿಜ್, ಅಗತ್ಯವಿದ್ದರೆ ಅದರ ನಂತರ 5 ಮೈಕ್ರಾನಿನದೊಂದು. ಬರಿಗಣ್ಣಿಗೆ ಸುಮಾರು 40 ಮೈಕ್ರಾನಿಗಿಂತ ಚಿಕ್ಕದಾದ ಬಿಡಿ ಕಣ ಕಾಣುವುದಿಲ್ಲವಾದ್ದರಿಂದ ಸ್ನಾನ, ಬಟ್ಟೆಗೆ 20 ಮೈಕ್ರಾನೇ ಧಾರಾಳ. 5 ಮೈಕ್ರಾನಿನದು ಅಡುಗೆಮನೆಯ ಶುದ್ಧೀಕರಣ ಯಂತ್ರಕ್ಕೆ ನೀರು ಹೋಗುವ ಮುಂಚೆ ಇದ್ದರೆ ಸಾಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಬಗ್ಗಡದ ಮಿತಿಯನ್ನು 1 ಎನ್‌ಟಿಯು (ಬಗ್ಗಡವನ್ನು ಅಳೆಯುವ ಮಾನ) ಎಂದಿಟ್ಟಿದೆ, ಬೇರೆ ಮೂಲವಿಲ್ಲದಿದ್ದರೆ 5ರವರೆಗೆ ಒಪ್ಪುತ್ತದೆ. ಬಗ್ಗಡ ನೀರಿನಲ್ಲಿ ರೋಗಾಣುಗಳು ಕಣಗಳ ಮರೆಯಲ್ಲಿ ಅಡಗುವುದರಿಂದ ಯುವಿ (ನೇರಳಾತೀತ ಕಿರಣದ) ದೀಪದ ಯಂತ್ರವೂ ಸೋಲುತ್ತದೆ.

ಫಿಲ್ಟರನ್ನು ಎಲ್ಲಿ ಕೂರಿಸಬೇಕು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಹತ್ತು ಮೀಟರ್ ಎತ್ತರದ ನೀರಿನಿಂದ ಒಂದು ಬಾರ್ ಒತ್ತಡ ಸಿಗುತ್ತದೆ. ಮೇಲಿನ ಮಹಡಿಯ ಶವರ್ ಟ್ಯಾಂಕಿಗಿಂತ ಬರೀ ಮೂರು ಮೀಟರ್ ಕೆಳಗಿದ್ದರೆ ಅಲ್ಲಿರುವುದು 0.3 ಬಾರ್ ಮಾತ್ರ. ಅದರಲ್ಲಿ ಅರೆಗಟ್ಟಿದ ಕಾರ್ಟ್ರಿಜ್ ಸ್ವಲ್ಪ ಪಾಲು ನುಂಗಿದರೂ ಶವರಿನಲ್ಲಿ ನೀರು ತೊಟ್ಟಿಕ್ಕತೊಡಗುತ್ತದೆ. ಆದ್ದರಿಂದ ಪ್ರೆಶರ್ ಪಂಪ್ ಇಲ್ಲದ ಮನೆಗಳಲ್ಲಿ ಫಿಲ್ಟರನ್ನು ಸಂಪಿನ ಪಂಪಿನಿಂದ ಟ್ಯಾಂಕಿಗೆ ಏರುವ ಪೈಪಿನಲ್ಲಿ ಹಾಕುವುದೇ ಮೇಲು. ಹೌಸಿಂಗ್ ಎಷ್ಟು ಒತ್ತಡವನ್ನು ತಾಳುತ್ತದೆಂದು ಅದರ ಮೇಲೆ ಬರೆದಿರುತ್ತದೆ, ಅದನ್ನು ಓದಿಯೇ ಕೊಳ್ಳಬೇಕು. ಆಳದ ಸಬ್‌ಮರ್ಸಿಬಲ್ ಪಂಪಿಗೆ ನೇರವಾಗಿ ಜೋಡಿಸಿದರೆ ಮುಂದಿನ ವಾಲ್ವ್ ಮುಚ್ಚಿದ ಗಳಿಗೆಯಲ್ಲಿ ಅದು ಒಡೆಯಬಹುದು. ಹಿಂದೊಂದು, ಮುಂದೊಂದು ವಾಲ್ವ್, ಜೊತೆಗೆ ಒಂದು ಬೈಪಾಸ್ (ಫಿಲ್ಟರನ್ನು ಬಳಸಿ ಹೋಗುವ ಪಕ್ಕದ ಪೈಪ್) ಇರಲೇಬೇಕು. ಎರಡೂ ಕಡೆ ಪ್ರೆಶರ್ ಗೇಜ್ ಇದ್ದರೆ ಕಾರ್ಟ್ರಿಜ್ ಯಾವಾಗ ಬದಲಾಯಿಸಬೇಕೆಂದು ಊಹಿಸಬೇಕಾಗಿಲ್ಲ: ಎರಡರ ನಡುವಿನ ಅಂತರ ಹೊಸದರಲ್ಲಿ ಇದ್ದುದಕ್ಕಿಂತ ಅರ್ಧ ಬಾರ್ ಹೆಚ್ಚಾದಾಗ ಬದಲಾಯಿಸಿ.

ದೊಡ್ಡ ಕುಟುಂಬಕ್ಕೆ ಅಥವಾ ನಾಲ್ಕಾರು ಬಾಡಿಗೆ ಮನೆಗಳಿರುವ ಕಟ್ಟಡಕ್ಕೆ ಮರಳಿನ ಪ್ರೆಶರ್ ಫಿಲ್ಟರ್ ಲಾಭದಾಯಕ. 1354 ಎಂದು ಕರೆಯುವ, 13 ಇಂಚು ಅಗಲ 54 ಇಂಚು ಎತ್ತರದ ಎಫ್‌ಆರ್‌ಪಿ (ನಾರು ಬೆರೆಸಿದ ಗಟ್ಟಿ ಪ್ಲಾಸ್ಟಿಕ್) ಪಾತ್ರೆಯಿಂದ ಗಂಟೆಗೆ ಸುಮಾರು ಸಾವಿರ ಲೀಟರ್ ನೀರನ್ನು ಚೆನ್ನಾಗಿ ಸೋಸಬಹುದು. ಮಾರುವವರು ಇದರ ಎರಡರಷ್ಟು ಹೇಳಿದರೂ ನಿಧಾನವಾಗಿ ಸೋಸಿದಷ್ಟೂ ನೀರು ತಿಳಿಯಾಗುತ್ತದೆ. ಅದನ್ನು ಹಿಮ್ಮುಖವಾಗಿ ತೊಳೆಯುವ ಬ್ಯಾಕ್‌ವಾಶ್‌ಗೆ ಮಾತ್ರ ಸೋಸುವಾಗಿನ ಎರಡು ಮೂರರಷ್ಟು ಹರಿವು ಬೇಕು. ಪಂಪಿಗೆ ಆ ಬಲವಿಲ್ಲದಿದ್ದರೆ ಮರಳಿನ ಪದರ ಮೇಲೇಳದೆ, ಗಸಿ ಒಳಗೇ ಹೆಪ್ಪುಗಟ್ಟಿ, ಕೆಲವು ತಿಂಗಳಲ್ಲಿ ಫಿಲ್ಟರ್ ನಿಷ್ಪ್ರಯೋಜಕವಾಗುತ್ತದೆ. ಹೊರಹೋಗುವ ನೀರು ತಿಳಿಯಾಗುವವರೆಗೆ ತೊಳೆದು, ಅನಂತರ ಮಲ್ಟಿಪೋರ್ಟ್ ವಾಲ್ವನ್ನು (ನೀರಿನ ದಾರಿ ಬದಲಿಸುವ, ಫಿಲ್ಟರಿನ ವಾಲ್ವನ್ನು) ರಿನ್ಸ್‌ಗೆ ತಿರುಗಿಸಿ ಮೊದಲ ನೀರನ್ನು ಚೆಲ್ಲಿದ ಮೇಲೆಯೇ ಸೋಸಲು ಬಿಡಬೇಕು. ವಾಲ್ವನ್ನು ತಿರುಗಿಸುವ ಮುನ್ನ ಪಂಪ್ ನಿಲ್ಲಿಸುವುದನ್ನು ಮರೆಯಬಾರದು.

ಕಬ್ಬಿಣದ ನೀರಿಗೆ ಫಿಲ್ಟರಿನ ಮುಂಚೆ ಗಾಳಿ ತಾಗಬೇಕು. ಕೊಳವೆಬಾವಿಯ ನೀರನ್ನು ತೂತುಗಳಿರುವ ಪೈಪಿನ ಮೂಲಕ ಸಣ್ಣ ಧಾರೆಗಳಾಗಿ ಒಂದು ತೊಟ್ಟಿಗೆ ಬೀಳಿಸಿ, ಕೆಲವು ಗಂಟೆ ನಿಲ್ಲಿಸಿದರೆ ಕರಗಿದ ಕಬ್ಬಿಣ ಗಸಿಯಾಗಿ ಇಳಿಯುತ್ತದೆ. ಉಳಿದದ್ದನ್ನು ಮರಳು ಹಿಡಿಯುತ್ತದೆ.

ಪೈಪುಗಳನ್ನು ತೊಳೆಯುವುದು

ಫಿಲ್ಟರ್ ಹಾಕಿದ ದಿನ ಹಳೆಯ ಗಸಿ ಪೈಪುಗಳಲ್ಲಿ ಉಳಿದೇ ಇರುತ್ತದೆ. ಮೊದಲು ಮೇಲಿನ ಟ್ಯಾಂಕನ್ನು ತಳದ ವಾಷ್‌ಔಟ್‌ನಿಂದ ಖಾಲಿ ಮಾಡಿ ತೊಳೆಯಿರಿ. ಮನೆಗೆ ಹೋಗುವ ಪೈಪು ತಳಕ್ಕಿಂತ ಎರಡು ಮೂರು ಇಂಚು ಮೇಲೆ ಇಲ್ಲದಿದ್ದರೆ ಇದೇ ಸಮಯದಲ್ಲಿ ಸರಿಪಡಿಸಿ. ಟ್ಯಾಂಕ್ ತುಂಬಿದ ಮೇಲೆ ಎಲ್ಲ ನಲ್ಲಿಗಳ ಬಾಯಿಯ ಜಾಲರಿ ಮತ್ತು ಶವರ್ ತಲೆಗಳನ್ನು ಬಿಚ್ಚಿ, ಗೀಸರ್ ಹಾಗೂ ವಾಷಿಂಗ್ ಮಷೀನಿನ ವಾಲ್ವುಗಳನ್ನು ಮುಚ್ಚಿ, ಒಂದೊಂದು ನಲ್ಲಿಯನ್ನೇ ಪೂರ್ತಿ ತೆರೆದು ನೀರು ತಿಳಿಯಾಗುವವರೆಗೆ ಬಿಡಿ. ಎಲ್ಲವನ್ನೂ ಒಟ್ಟಿಗೆ ತೆರೆದರೆ ಒಂದೊಂದು ಪೈಪಿನಲ್ಲೂ ವೇಗ ಕುಂದಿ ಗಸಿ ಅಲುಗುವುದಿಲ್ಲ. ಬಿಚ್ಚಿದ ಜಾಲರಿಗಳಲ್ಲಿ ಸುಣ್ಣ ಕಟ್ಟಿದ್ದರೆ ವಿನೆಗರಿನಲ್ಲಿ ನೆನೆಸಿ ತೊಳೆದು ಮತ್ತೆ ಹಾಕಿ.

ಟ್ಯಾಂಕ್ ತೊಳೆದ ನೀರನ್ನೂ ಬ್ಯಾಕ್‌ವಾಶ್ ನೀರನ್ನೂ ಮಳೆನೀರಿನ ಇಂಗುಗುಂಡಿಗೆ ಬಿಡುವ ಪರಿಪಾಠ ಕೆಲವೆಡೆ ಇದೆ. ಹಾಗೆ ಮಾಡಿದರೆ ಆ ಮೆಕ್ಕಲು ಗುಂಡಿಯ ಜಲ್ಲಿಕಲ್ಲುಗಳ ಸಂದುಗಳನ್ನು ಮುಚ್ಚಿ ನೀರು ಇಂಗುವುದೇ ನಿಲ್ಲುತ್ತದೆ. ಆ ನೀರು ತೆಂಗಿನ ಬುಡಕ್ಕೋ ಹೂವಿನ ಪಾತಿಗೋ ಹೋಗಲಿ.