ಹಳೆಯ ಜಿಪ್ಸಿಯನ್ನು ಸಹ್ಯಾದ್ರಿಯ ಮಳೆಗಾಲಕ್ಕೆ ಸಜ್ಜು ಮಾಡುವುದು

ಪುಣೆಯಲ್ಲಿ ಮಾರುತಿ ಕಂಪನಿಯ ಹಳೆಯ ಜಿಪ್ಸಿ ಜೀಪು ಕೈಗೆ ಬಂದ ಕೂಡಲೇ ಹೆಚ್ಚಿನವರು ಮೊದಲು ಅದನ್ನು ಎತ್ತರಿಸುತ್ತಾರೆ, ದಪ್ಪ ಟೈರು ಹಾಕಿಸುತ್ತಾರೆ. ಅವೆರಡೂ ಕೊನೆಯ ಕೆಲಸಗಳು. ಮುಳಶಿ, ತಾಮ್ಹಿಣಿ, ಭೋರ್ ಕಡೆಯ ಹಾದಿಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಕೈಕೊಡುವುದು ಎತ್ತರ ಸಾಲದೆ ಅಲ್ಲ. ಆಕ್ಸಲ್‌ಗೆ (ಚಕ್ರಗಳ ನಡುವಿನ ಅಚ್ಚಿಗೆ) ನೀರು ನುಗ್ಗಿರುತ್ತದೆ, ಚಾಸಿ (ಗಾಡಿಯ ತಳದ ಕಬ್ಬಿಣದ ಚೌಕಟ್ಟು) ತುಕ್ಕು ತಿಂದಿರುತ್ತದೆ, ಇಲ್ಲವೇ ಎಂಜಿನ್ ನೀರು ಕುಡಿದಿರುತ್ತದೆ. ಹಾಗಾಗಿ ದುಡ್ಡನ್ನು ಮೊದಲು ಇವುಗಳ ಮೇಲೆ ಹಾಕಿ.

ಇನ್ನೂ ಕೊಳ್ಳಬೇಕಾಗಿದ್ದರೆ, 1985ರ 970 ಸಿಸಿ ಎಂಜಿನ್ನಿನ ಗಾಡಿಗಿಂತ 1996ರಲ್ಲಿ ಬಂದ 1298 ಸಿಸಿಯ ಜಿಪ್ಸಿ ಕಿಂಗ್ ಒಳ್ಳೆಯದು. ಅದರಲ್ಲೂ 2000ದ ನಂತರದ ಎಂಪಿಎಫ್‌ಐ (ಪೆಟ್ರೋಲನ್ನು ನೇರ ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆಯದು) ಇನ್ನೂ ಒಳ್ಳೆಯದು. ಕಡಿದಾದ ಏರಿನಲ್ಲಿ ಕಾರ್ಬುರೇಟರಿನ ಫ್ಲೋಟ್ ಬಟ್ಟಲಿನ ಪೆಟ್ರೋಲು ಒಂದು ಬದಿಗೆ ವಾಲಿ ಎಂಜಿನ್ ಆಫ್ ಆಗುತ್ತದೆ, ಎಂಪಿಎಫ್‌ಐಯಲ್ಲಿ ಆ ಕಾಟವಿಲ್ಲ.

ಚಾಸಿ

ಬಾಡಿಯ ಬಣ್ಣ ನೋಡಿ ಮರುಳಾಗಬೇಡಿ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸಣ್ಣ ಸುತ್ತಿಗೆ ಹಿಡಿದು ಚಾಸಿಯನ್ನು ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ಣೆನ್ನುತ್ತದೆ. ತುಕ್ಕು ತಿಂದ ಕಡೆ ಸದ್ದು ಮಂದವಾಗಿ, ಒದ್ದೆ ಹಲಗೆ ತಟ್ಟಿದಂತೆ ಬರುತ್ತದೆ. ಅಲ್ಲಿ ಸ್ಕ್ರೂಡ್ರೈವರಿನ ತುದಿ ಒತ್ತಿ. ಒಳಗಿಳಿದರೆ ಆ ಭಾಗ ಹೋದಂತೆಯೇ. ಹಿಂದಿನ ಶ್ಯಾಕಲ್ (ಕಮಾನು ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಕೂರುವ ಜಾಗ, ಹಿಂಚಕ್ರದ ಮೇಲೆ ಚಾಸಿ ಬಾಗುವ ತಿರುವು, ಬಾಡಿ ಮೌಂಟ್‌ಗಳ ಸುತ್ತ ಹೆಚ್ಚು ಹುಡುಕಿ. ಇನ್ನೊಬ್ಬರಿಗೆ ಸ್ಟೇರಿಂಗ್ ಅತ್ತಿತ್ತ ಅಲ್ಲಾಡಿಸಲು ಹೇಳಿ, ಸ್ಟೇರಿಂಗ್ ಬಾಕ್ಸಿನ ಬೋಲ್ಟುಗಳ ಸುತ್ತ ಕೂದಲೆಳೆ ಬಿರುಕಿದೆಯೇ ನೋಡಿ. ದೊಡ್ಡ ಟೈರಿನ ಹೊಡೆತ ಮೊದಲು ಬೀಳುವುದು ಅಲ್ಲಿಗೇ.

ತೇಪೆ ಹಾಕಿಸುವುದಾದರೆ ತುಕ್ಕನ್ನು ಪೂರ್ತಿ ಕತ್ತರಿಸಿ ತೆಗೆಸಿ. ತುಕ್ಕಿನ ಮೇಲೆಯೇ ತಗಡು ಬೆಸೆದರೆ ಎರಡು ಮಳೆಗಾಲವೂ ಬಾಳದು. ತೇಪೆಯ ಅಂಚು ಚಾಸಿಗೆ ಅಡ್ಡಲಾಗಿ ನೇರ ಗೆರೆಯಾಗಬಾರದು, ವಜ್ರಾಕಾರದಲ್ಲಿ ಓರೆಯಾಗಿರಬೇಕು. ನೇರ ಬೆಸುಗೆಯಾದರೆ ಆ ಗೆರೆಗುಂಟವೇ ಚಾಸಿ ಸೀಳುತ್ತದೆ. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿಯ ಎರಡೂ ತಂತಿ ಬಿಚ್ಚಿ, ಇಲ್ಲದಿದ್ದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಸುಟ್ಟೀತು. ಕೊನೆಗೆ ಹೊರಗೆ ಜಿಂಕ್ ಪ್ರೈಮರ್, ಒಳಗೆ ಕ್ಯಾವಿಟಿ ವ್ಯಾಕ್ಸ್ (ಪೊಳ್ಳಿನೊಳಗೆ ಸಿಂಪಡಿಸುವ ಮೇಣ). ಚಾಸಿಯ ತಳದ ತೂತುಗಳಲ್ಲಿ ಕೆಸರು ಗಟ್ಟಿಯಾಗಿದ್ದರೆ ತಂತಿ ಹಾಕಿ ಬಿಡಿಸಿ. ನೀರು ಹೊರಹೋಗಲು ಬೇರೆ ದಾರಿಯಿಲ್ಲ.

ಮುಂದಿನ ಆಕ್ಸಲ್

ಮುಂಚಕ್ರವನ್ನು ಜ್ಯಾಕ್ ಮೇಲೆತ್ತಿ, ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಆಟ (ಸಡಿಲ ಅಲುಗಾಟ) ಇದ್ದರೆ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ವೀಲ್ ಬೇರಿಂಗ್ ಲೂಸು, ನಿಲ್ಲದಿದ್ದರೆ ಕಿಂಗ್‌ಪಿನ್ ಬೇರಿಂಗ್ (ಚಕ್ರ ಎಡಬಲಕ್ಕೆ ತಿರುಗುವ ಕೀಲಿನದು) ಸವೆದಿದೆ. ಇದನ್ನು ತಿಳಿಯದೆ ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗಿನ ನಡುಕ ತಡೆಯುವ ಭಾಗ) ಬದಲಿಸಿ ನೂರು ಸಲ ಗ್ಯಾರೇಜಿಗೆ ಅಲೆಯುವವರಿದ್ದಾರೆ. ಆಕ್ಸಲ್ಲಿನ ತುದಿಯಲ್ಲಿ ಚಕ್ರ ತಿರುಗುವ ಕೀಲಾದ ನಕಲ್ಲಿನ ದುಂಡು ಚಿಪ್ಪಿನ ಹಿಂದಿನಿಂದ ಕಪ್ಪು ರಸ ಸೋರುತ್ತಿದ್ದರೆ ಆಕ್ಸಲ್ಲಿನ ಒಳ ಆಯಿಲ್ ಸೀಲ್ ಹರಿದು ಗೇರ್ ಆಯಿಲ್ ಗ್ರೀಸಿಗೆ ಬೆರೆತಿದೆ ಎಂದರ್ಥ. ಎರಡೂ ಬದಿಯ ಸೀಲು, ಬೇರಿಂಗು ಒಟ್ಟಿಗೇ ಬದಲಿಸಿ. ಬೇರಿಂಗು, ಸೀಲುಗಳಿಗೆ ನಾನಾ ಪೇಠೆಯ ಅಂಗಡಿಗಳು ಸಾಕು. ಮಂಗಳವಾರ ಪೇಠೆಯ ಜುನಾ ಬಾಜಾರಿನಲ್ಲಿ ಬ್ರ್ಯಾಕೆಟ್, ಹಿಡಿಕೆ, ದೀಪದ ಚೌಕಟ್ಟು ಕೊಳ್ಳಿ, ಆದರೆ ಭಾರ ಹೊರುವ ಬೋಲ್ಟು, ಯು-ಬೋಲ್ಟು ಎಂದಿಗೂ ಹಳೆಯದು ಬೇಡ.

ಬ್ರೀದರ್ ಮತ್ತು ಆಯಿಲ್

ಇಡೀ ಗಾಡಿಯಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಲಾಭದ ಕೆಲಸ ಇದು. ಘಾಟಿ ಹತ್ತಿ ಬಿಸಿಯಾದ ಆಕ್ಸಲ್ ತಣ್ಣನೆಯ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಹೀರುತ್ತದೆ. ಬ್ರೀದರ್ (ಆಕ್ಸಲ್ ಉಸಿರಾಡುವ ಸಣ್ಣ ಗಾಳಿದ್ವಾರ) ನೀರಿನಲ್ಲಿ ಮುಳುಗಿದ್ದರೆ ಹೀರುವುದು ನೀರನ್ನೇ. ಎರಡು ಆಕ್ಸಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಎಂಜಿನ್ನಿನ ಬಲವನ್ನು ಎರಡೂ ಆಕ್ಸಲ್ಲಿಗೆ ಹಂಚುವ ಪೆಟ್ಟಿಗೆ) ಈ ನಾಲ್ಕಕ್ಕೂ ನೈಟ್ರೈಲ್ ರಬ್ಬರಿನ ಪೈಪು ಜೋಡಿಸಿ, ಮುಂದಿನದನ್ನು ಬಾನೆಟ್ಟಿನೊಳಗೆ ಬ್ಯಾಟರಿಯ ಎತ್ತರಕ್ಕೆ, ಹಿಂದಿನದನ್ನು ಪೆಟ್ರೋಲ್ ಮುಚ್ಚಳದ ಎತ್ತರಕ್ಕೆ ಒಯ್ದು ಬಾಯಿ ಕೆಳಮುಖವಾಗಿ ಕಟ್ಟಿ. ಆಕ್ಸಲ್ ಪೂರ್ತಿ ಇಳಿಬಿದ್ದಾಗಲೂ ಪೈಪು ಬಿಗಿಯಬಾರದಷ್ಟು ಸಡಿಲ ಬಿಡಿ.

ಆಯಿಲ್ ಸುಮಾರಾಗಿ, ಆಕ್ಸಲ್ ನಡುವಿನ ಗುಂಡಿನೊಳಗಿರುವ ಗೇರುಗಳಾದ ಡಿಫರೆನ್ಷಿಯಲ್ಲುಗಳಲ್ಲಿ ಮುಂದಿನ ಡಿಫರೆನ್ಷಿಯಲ್‌ಗೆ 2 ಲೀಟರ್, ಹಿಂದಿನದಕ್ಕೆ 1.5, ಗೇರ್‌ಬಾಕ್ಸಿಗೆ 1.3, ಟ್ರಾನ್ಸ್‌ಫರ್ ಕೇಸಿಗೆ 0.8 ಹಿಡಿಯುತ್ತದೆ. ಅಳತೆ ನೋಡಬೇಕಾದದ್ದು ತುಂಬುವ ತೂತಿನ ಅಂಚಿನಲ್ಲಿ. ಡಿಫರೆನ್ಷಿಯಲ್‌ಗೆ ಜಿಎಲ್-5 80ಡಬ್ಲ್ಯೂ-90, ಗೇರ್‌ಬಾಕ್ಸಿಗೆ ಜಿಎಲ್-4 (ಇವು ಡಬ್ಬಿಯ ಮೇಲಿರುವ ಗೇರ್ ಆಯಿಲ್ ದರ್ಜೆಗಳು). ಜಿಎಲ್-5ರ ಗಂಧಕದ ಮಿಶ್ರಣ ಗೇರ್‌ಬಾಕ್ಸಿನ ಹಿತ್ತಾಳೆ ರಿಂಗುಗಳನ್ನು ತಿನ್ನುತ್ತದೆ. ಖಾಲಿ ಮಾಡುವ ಮೊದಲು, ತುಂಬುವ ತೂತಿನ ಬೋಲ್ಟು ಬಿಚ್ಚಿಕೊಳ್ಳುತ್ತದೆಯೇ ಎಂದು ನೋಡಿಕೊಳ್ಳಿ. ಕೆಳಗಿನದು ಬಿಚ್ಚಿ, ಮೇಲಿನದು ಬಿಚ್ಚದೆ ಹೋದರೆ ಗಾಡಿ ನಿಂತಲ್ಲೇ ನಿಲ್ಲಬೇಕಾಗುತ್ತದೆ.

ಎಂಜಿನ್ನಿಗೆ ನೀರು

ಸ್ನಾರ್ಕೆಲ್ (ಎಂಜಿನ್ನಿಗೆ ಗಾಳಿಯನ್ನು ಎತ್ತರದಿಂದ ಎಳೆಯುವ ಕೊಳವೆ) ಹಾಕಿದ ಮಾತ್ರಕ್ಕೆ ಗಾಡಿ ನೀರಿಗಿಳಿಯಲು ಸಿದ್ಧವಲ್ಲ. ಏರ್ ಫಿಲ್ಟರ್ ಡಬ್ಬಿಯ ತಳದ ಸಣ್ಣ ತೂತು ಮುಚ್ಚಿರಬೇಕು, ಪ್ರತಿ ಪೈಪಿನ ಕ್ಲಿಪ್ಪು ಬಿಗಿಯಾಗಿರಬೇಕು. ಪರೀಕ್ಷೆ ಹೀಗೆ: ಎಂಜಿನ್ ಐಡಲ್‌ನಲ್ಲಿರುವಾಗ ಸ್ನಾರ್ಕೆಲ್ಲಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ. ಕ್ಷಣಗಳಲ್ಲಿ ಎಂಜಿನ್ ನಿಲ್ಲಬೇಕು. ನಿಲ್ಲದಿದ್ದರೆ ಎಲ್ಲೋ ಬೇರೆ ಕಡೆಯಿಂದ ಗಾಳಿ ಎಳೆಯುತ್ತಿದೆ, ಅಲ್ಲಿಂದಲೇ ನೀರೂ ಬರುತ್ತದೆ. ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕಿಡಿ ಹಂಚುವ ಭಾಗ) ಇದ್ದರೆ ಅದರ ಮುಚ್ಚಳದ ಅಂಚಿಗೆ, ಪ್ಲಗ್ ಕ್ಯಾಪುಗಳ ಒಳಬದಿಗೆ ಸಿಲಿಕೋನ್ ಗ್ರೀಸು ತೆಳುವಾಗಿ ಸವರಿ. ನೀರಿನ ಮಧ್ಯೆ ಎಂಜಿನ್ ತಾನಾಗಿ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಎಳೆಸಿ ದಡಕ್ಕೆ ತಂದು, ಪ್ಲಗ್ ಬಿಚ್ಚಿ, ಆಮೇಲೆ ಎಂಜಿನ್ ತಿರುಗಿಸಿ. ಸಿಲಿಂಡರಿನಲ್ಲಿ ನೀರಿದ್ದು ಸ್ಟಾರ್ಟರ್ ಒತ್ತಿದರೆ ಕನೆಕ್ಟಿಂಗ್ ರಾಡು ಬಾಗುತ್ತದೆ.

ಟೈರು, ಆಮೇಲೆ ಎತ್ತರ

ಗಾಡಿಯನ್ನು ಎರಡು ಇಂಚು ಎತ್ತರಿಸಿದರೂ ಡಿಫರೆನ್ಷಿಯಲ್ ಗುಂಡು ನೆಲದಿಂದ ಒಂದು ಮಿಲಿಮೀಟರೂ ಏರುವುದಿಲ್ಲ. ಅದನ್ನು ಏರಿಸುವುದು ಟೈರು ಮಾತ್ರ. ಕಿಂಗ್‌ನ 205/70 ಆರ್15 ಟೈರಿನ ವ್ಯಾಸ ಸುಮಾರು 668 ಮಿ.ಮೀ. 215/75 ಆರ್15 ಹಾಕಿದರೆ 703, ಅಂದರೆ ಗುಂಡು 18 ಮಿ.ಮೀ. ಮೇಲೇರುತ್ತದೆ. ಇದು ಮೂಲ 5.5 ಇಂಚಿನ ರಿಮ್ಮಿಗೇ ಕೂರುತ್ತದೆ. 235/75 ಆರ್15 ಹಾಕಿದರೆ 733, ಗುಂಡು 33 ಮಿ.ಮೀ. ಏರುತ್ತದೆ. ಆದರೆ ಇದಕ್ಕೆ ಕನಿಷ್ಠ 6 ಇಂಚಿನ ರಿಮ್ ಬೇಕು, ಪೂರ್ತಿ ತಿರುಗಿಸಿದಾಗ ಫೆಂಡರಿಗೆ ಉಜ್ಜುತ್ತದೆ. ಗೇರಿಂಗ್ ಶೇಕಡ 10ರಷ್ಟು ಭಾರವಾಗುವುದರಿಂದ ಕಲ್ಲಿನ ಮೆಟ್ಟಿಲು ಹತ್ತುವಾಗ ಕ್ಲಚ್ ಸುಡುವ ವಾಸನೆ ಬೇಗ ಬರುತ್ತದೆ. ಸ್ಪೀಡೋಮೀಟರ್ 50 ತೋರಿಸಿದರೆ ನಿಜಕ್ಕೂ 55 ಇರುತ್ತದೆ. ಘಾಟಿ, ಡಾಂಬರು ಎರಡರಲ್ಲೂ ಓಡುವ ಗಾಡಿಗೆ 215ರ ಆಲ್-ಟೆರೇನ್ ಸಾಕು.

ಎತ್ತರಿಸಲೇಬೇಕಿದ್ದರೆ ಹೊಸ ಕಮಾನು ಪಟ್ಟಿ ಹಾಕಿ. ಇಲ್ಲಿನ ಅಂಗಡಿಗಳಲ್ಲಿ ‘ಪಾಟಾ’ ಎಂದು ಕೇಳಿ. ಉದ್ದ ಶ್ಯಾಕಲ್ ಅಗ್ಗ ಅನ್ನಿಸುತ್ತದೆ. ಆದರೆ ಶ್ಯಾಕಲ್ ಎಷ್ಟು ಉದ್ದವಾಯಿತೋ ಅದರ ಅರ್ಧದಷ್ಟೇ ಎತ್ತರ ಸಿಗುತ್ತದೆ. ಜಿಪ್ಸಿಯ ಮುಂದಿನ ಶ್ಯಾಕಲ್ ಪಟ್ಟಿಯ ಮುಂತುದಿಯಲ್ಲಿರುವುದರಿಂದ ಆಕ್ಸಲ್ ಮುಂದಕ್ಕೆ ವಾಲಿ ಕ್ಯಾಸ್ಟರ್ ಕೋನವೂ (ಸ್ಟೇರಿಂಗನ್ನು ನೇರಕ್ಕೆ ಮರಳಿಸುವ, ಕೀಲಿನ ಹಿಂದಕ್ಕಿನ ಓರೆ) ಕಡಿಮೆಯಾಗುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಸ್ಟೇರಿಂಗ್ ಅತ್ತಿತ್ತ ತೇಲುವುದಕ್ಕೆ ಬಹಳ ಸಲ ಇದೇ ಕಾರಣ. ಪಟ್ಟಿಯ ಬುಷ್ ಬೋಲ್ಟುಗಳನ್ನು ಗಾಡಿ ಚಕ್ರದ ಮೇಲೆ ನಿಂತ ಮೇಲೆಯೇ ಕೊನೆಯ ಬಿಗಿ ಮಾಡಿ. ತೂಗಾಡುವಾಗ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಹರಿದುಹೋಗುತ್ತದೆ. ಯು-ಬೋಲ್ಟಿಗೆ 60ರಿಂದ 80 ನ್ಯೂಟನ್ ಮೀಟರ್ ಬಿಗಿ ಸಾಕು, 500 ಕಿ.ಮೀ. ಆದ ಮೇಲೆ ಮತ್ತೊಮ್ಮೆ ನೋಡಿ. ಬ್ರೇಕ್ ಹೋಸು ಆಕ್ಸಲ್ ಪೂರ್ತಿ ಇಳಿದಾಗ ಬಿಗಿಯುತ್ತಿದ್ದರೆ ಉದ್ದನೆಯದು ಹಾಕಿಸದೆ ಗಾಡಿ ಹೊರಗೆ ತೆಗೆಯಬೇಡಿ.

ಹಿಂದೆ ಮುಂದೆ ಒಂದೊಂದು ಎಳೆಯುವ ಕೊಂಡಿ ಕಡ್ಡಾಯ. ಅದು ಬಂಪರಿಗಲ್ಲ, ಚಾಸಿಗೆ, 10.9 ಗ್ರೇಡಿನ ಬೋಲ್ಟಿನಲ್ಲಿ, ಹಿಂದೊಂದು ದಪ್ಪ ಪ್ಲೇಟು ಕೊಟ್ಟು ಕೂರಿಸಿದ್ದಾಗಿರಬೇಕು. ಜೊತೆಗೆ 4.75 ಟನ್ನಿನ ಎರಡು ಬೋ ಶ್ಯಾಕಲ್ (ಎಳೆಯುವ ಹಗ್ಗ ಸಿಕ್ಕಿಸುವ ಬಿಲ್ಲಿನಾಕಾರದ ಕೊಂಡಿ) ಇರಲಿ. ವಿಂಚ್ (ಗಾಡಿ ಎಳೆಯುವ ಹಗ್ಗದ ರಾಟೆ) ಕೊಳ್ಳುವುದು ಅದಾದ ಮೇಲೆ. ಅದರ ಭಾರಕ್ಕೆ ಮುಂದಿನ ಪಟ್ಟಿ ಕುಸಿಯುತ್ತದೆ ಎಂಬುದು ಲೆಕ್ಕದಲ್ಲಿರಲಿ.

ಕಾಗದಪತ್ರ

ಊರಿನಿಂದ ಕೆಎ-22, ಕೆಎ-28 ನಂಬರಿನ ಗಾಡಿ ತಂದು ಪುಣೆಯಲ್ಲೇ ಇಟ್ಟುಕೊಂಡವರು 12 ತಿಂಗಳು ಮೀರಿದರೆ ಇಲ್ಲಿನ ನಂಬರು ಪಡೆಯಲೇಬೇಕು. ಅದಕ್ಕೆ ಊರಿನ ಆರ್‌ಟಿಓದಿಂದ ಫಾರಂ 28ರ ಎನ್‌ಓಸಿ ಬೇಕು. 15 ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣವನ್ನು ಮಾರ್ಪಾಡಿಗೆ ಮೊದಲೇ ಮುಗಿಸಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಂದಣಿಯಲ್ಲಿರುವ ವಿವರಕ್ಕೆ ವಿರುದ್ಧವಾದ ಬದಲಾವಣೆಯನ್ನು ತಡೆಯುತ್ತದೆ. 2019ರ ತಿದ್ದುಪಡಿಯ ನಂತರ ಪ್ರತಿ ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಆಗಬಹುದು. ಬಂಪರಿನ ಮುಂದೆ ಕಟ್ಟುವ ಕಬ್ಬಿಣದ ಬುಲ್ ಬಾರ್ ಅಂತೂ ಬೇಡವೇ ಬೇಡ.

ಹಾದಿಯಲ್ಲಿ ಟೈರಿನ ಗಾಳಿ 18 ಪಿಎಸ್‌ಐಗೆ ಇಳಿಸಿ, ಟಾರು ರಸ್ತೆ ಸಿಕ್ಕ ಕೂಡಲೇ 26ಕ್ಕೆ ಏರಿಸಿ. ಚೂಪು ಬಸಾಲ್ಟ್ ಕಲ್ಲಿನ ನಡುವೆ ಇನ್ನೂ ಇಳಿಸಿದರೆ ಟೈರಿನ ಪಕ್ಕೆ ಸೀಳುತ್ತದೆ. ಹಳ್ಳ ದಾಟಿ ಬಂದ ಮಾರನೆಯ ಬೆಳಿಗ್ಗೆ, ಗಾಡಿ ಕದಲಿಸುವ ಮೊದಲು, ಡಿಫರೆನ್ಷಿಯಲ್‌ಗಳ ಕೆಳ ಬೋಲ್ಟನ್ನು ಸ್ವಲ್ಪವೇ ಸಡಿಲಿಸಿ ಒಂದೆರಡು ಹನಿ ಬಿಳಿ ಕಾಗದದ ಮೇಲೆ ಬೀಳಿಸಿ. ರಾತ್ರಿಯಿಡೀ ನಿಂತ ನೀರು ತಳಕ್ಕಿಳಿದಿದ್ದರೆ ಮೊದಲು ಅದೇ ಬರುತ್ತದೆ. ಹನಿ ಹಾಲು ಬೆರೆಸಿದ ಚಹಾದ ಬಣ್ಣದಲ್ಲಿದ್ದರೆ ಆ ಆಯಿಲನ್ನು ಅಂದೇ ಬದಲಿಸಿ.